ಅಜ್ಜಿ ತಲೆ ಎಣಿಸಿದ ಸಂಜೆ

ಎಲ್ಲಿಗೇ ಹೋಗಿರಲಿ, ಹೊರಡುವ ಮುನ್ನ ಅಜ್ಜಿ ತಲೆ ಎಣಿಸಬೇಕು. ಅದು ಆ ಮನೆಯ ಕಾನೂನು. ಒಮ್ಮೆ ನೀರು ತರಲೆಂದು ರೈಲಿನಿಂದ ಇಳಿದ ಚಿಕ್ಕಪ್ಪ ಯಾವುದೋ ಸ್ಟೇಷನ್ನಿನಲ್ಲೇ ಉಳಿದು, ಮೂರು ದಿನದ ಮೇಲೆ ಗಡ್ಡ ಬಿಟ್ಟುಕೊಂಡು ಮನೆಗೆ ಬಂದಾಗಿನಿಂದ ಜಾರಿಗೆ ಬಂದದ್ದು. ಕಣ್ಣು ಮಂಜಾದ ಮೇಲೆ ಅಜ್ಜಿ ಕೈಯಿಂದ ಎಣಿಸತೊಡಗಿದಳು. ಒಬ್ಬೊಬ್ಬರ ನೆತ್ತಿಯ ಮೇಲೂ ಅಂಗೈ ಇಟ್ಟು ಒಂದು, ಎರಡು, ಮೂರು... ಹತ್ತಕ್ಕೆ ತನ್ನ ಎದೆ ಮುಟ್ಟಿಕೊಂಡು, ಹನ್ನೊಂದಕ್ಕೆ ಪಕ್ಕದಲ್ಲೇ ನಿಂತಿರುತ್ತಿದ್ದ ತಾತನ ಬೋಳುತಲೆ ತಟ್ಟಿ, "ಹೂಂ, ನಡೀರಿ" ಎಂದರೆ ಎಲ್ಲರಿಗೂ ಬಿಡುಗಡೆ.

ಆ ಕೈ ಒಂದೇ ಒಂದು ಸಲ ಮೋಸಹೋಯಿತು. ಏಳು ವರ್ಷದ ಹಿಂದೆ, ಮೃಗಾಲಯದ ಮೀನುಮನೆಯಲ್ಲಿ.

ಆ ದಿನ ಬೆಳಗಿನಿಂದ ಬಿಸಿಲಲ್ಲಿ ಸುತ್ತಿದ್ದರು. ನೀರಾನೆ ಬಾಯಿ ತೆರೆದಾಗ ಅಜ್ಜಿ, "ನೋಡ್ರೋ, ಥೇಟ್ ನಿಮ್ಮ ದೊಡ್ಡಮಾವ. ಊಟ ಒಂದು ನಿಮಿಷ ತಡ ಆದ್ರೂ ಹೀಗೇ" ಎಂದಿದ್ದಳು. ತಾತ ಜಿರಾಫೆಯ ಮುಂದೆ ನಿಂತು, ಇದಕ್ಕೆ ಗಂಟಲುನೋವು ಬಂದರೆ ಗತಿಯೇನು ಎಂದು ಅರ್ಧ ಗಂಟೆ ಕೊರಗಿದ್ದ.

ಸಂಜೆ ಮೀನುಮನೆ ಹೊಕ್ಕಾಗ ಒಳಗೆಲ್ಲ ಕತ್ತಲು. ಟ್ಯಾಂಕುಗಳ ನೀಲಿ ಬೆಳಕು ಮಾತ್ರ ಗೋಡೆಯ ಮೇಲೆ ಮೆಲ್ಲಗೆ ಅಲುಗುತ್ತಿತ್ತು. ಹತ್ತೊಂಬತ್ತರ ಮೊಮ್ಮಗಳು, ಮನೆಯವರೆಲ್ಲ ಮರೆಗುಳಿ ಎಂದು ಕರೆಯುತ್ತಿದ್ದ ಹುಡುಗಿ, ಮೂಲೆಯ ಕಡಲಕುದುರೆಗಳ ಗಾಜಿಗೆ ಮೂಗು ಹಚ್ಚಿ ನಿಂತುಬಿಟ್ಟಳು. ಅಜ್ಜಿಯ ಕಥೆಗಳಲ್ಲಿ ರಾಜಕುಮಾರರನ್ನು ಹೊತ್ತು ಬರುತ್ತಿದ್ದ ಕುದುರೆಗಳೆಲ್ಲ ಯಾರದೋ ಶಾಪಕ್ಕೆ ಹೆಬ್ಬೆರಳುದ್ದವಾಗಿ ಇಲ್ಲಿ ಬಂದು ಸೇರಿರಬೇಕು.

ತಿರುಗಿ ನೋಡಿದರೆ ಯಾರೂ ಇಲ್ಲ. ಒದ್ದೆ ಬಟ್ಟೆ ಹಿಡಿದ ಒಬ್ಬ ಹುಡುಗ ಮಾತ್ರ, ತಪ್ಪು ಮಾಡಿ ಸಿಕ್ಕಿಬಿದ್ದವನಂತೆ ನಿಂತಿದ್ದ.

"ನಿಮ್ಮ ಮನೆಯವರು ಹೋದ್ರು."

"ಸಾಧ್ಯಾನೇ ಇಲ್ಲ. ನಮ್ಮಜ್ಜಿ ಎಣಿಸದೆ ಹೊರಡಲ್ಲ."

"ಎಣಿಸಿದ್ರು." ಅವನು ತಲೆ ಕೆರೆದುಕೊಂಡ. "ನಾನು ಕುಕ್ಕರಗಾಲಲ್ಲಿ ಕೂತು ಗಾಜು ಒರೆಸ್ತಾ ಇದ್ದೆ. ನನ್ನ ತಲೆ ಮೇಲೆ ಕೈ ಇಟ್ಟು ಒಂಬತ್ತು ಅಂದ್ರು."

"ನೀವು ಸುಮ್ನಿದ್ರಾ?"

"ಆಶೀರ್ವಾದ ಮಾಡ್ತಿದಾರೆ ಅಂದ್ಕೊಂಡೆ. ತಲೆ ಬಗ್ಗಿಸಿದೆ."

"ಆಶೀರ್ವಾದ ಮಾಡೋರು ಒಂಬತ್ತು ಅಂತಾರಾ?"

"ದೊಡ್ಡವರು ಏನು ಬೇಕಾದ್ರೂ ಅಂತಾರೆ ರೀ. ಮಧ್ಯೆ ಬಾಯಿ ಹಾಕಬಾರದು."

ಹೊರಗೆ ಓಡಿ ನೋಡಿದರೆ ಎರಡು ಕಾರೂ ಇರಲಿಲ್ಲ. ಆ ಕಾರಿನವರು ಈ ಕಾರಿನಲ್ಲಿದ್ದಾಳೆಂದು, ಈ ಕಾರಿನವರು ಆ ಕಾರಿನಲ್ಲಿದ್ದಾಳೆಂದು ನಿಶ್ಚಿಂತೆಯಾಗಿ ಹೋಗಿದ್ದರು. ಫೋನು ಅಮ್ಮನ ಬ್ಯಾಗಿನಲ್ಲಿ. ಒಂದು ನಂಬರೂ ಬಾಯಿಗೆ ಬರಲಿಲ್ಲ. ಅವಳ ಗಲ್ಲ ನಡುಗಿತು.

"ಅಳೋದಾದ್ರೆ ಟ್ಯಾಂಕಿನ ಹತ್ರ ಅಳಬೇಡಿ" ಎಂದ ಅವನು, ಬಲು ಗಂಭೀರವಾಗಿ. "ಉಪ್ಪು ಜಾಸ್ತಿ ಆದ್ರೆ ಮತ್ತೆ ನಾನೇ ಅಳತೆ ನೋಡ್ಬೇಕು."

ಅಳು ಅರ್ಧದಲ್ಲೇ ನಗುವಾಯಿತು.

ಗೇಟಿನವರಿಗೆ ವಿಷಯ ತಿಳಿಸಿ, ಅವನು ಅವಳನ್ನು ಟ್ಯಾಂಕುಗಳ ಹಿಂಬದಿಗೆ ಕರೆದೊಯ್ದ. ನೆಲವೆಲ್ಲ ನೀರು. ಅವಳ ಚಪ್ಪಲಿ ಬಾಗಿಲಲ್ಲಿ ಬಿಡಿಸಿ ತನ್ನ ಗಮ್‌ಬೂಟು ಕೊಟ್ಟ. ಅದರೊಳಗೆ ಅವಳ ಕಾಲು ಡಬ್ಬಿಯಲ್ಲಿ ಕಡಲೆಕಾಳಿನಂತೆ ಲೊಡಲೊಡ ಅಲ್ಲಾಡಿತು. ಅವನು ಬಕೆಟ್ಟಿನ ಅಂಚಿಗೆ ಸೌಟಿನಿಂದ ಎರಡು ಸಲ ತಟ್ಟಿದ: ಟಣ್, ಟಣ್. ಮುದಿ ಆಮೆಯೊಂದು ಅವಸರವಿಲ್ಲದೆ ಮೇಲೆದ್ದು ಬಂತು.

"ಇವಳಿಗೆ ಊಟಕ್ಕಿಂತ ಕರೆಸಿಕೊಳ್ಳೋದು ಇಷ್ಟ."

ಆಮೇಲೆ ಟಾರ್ಚ್ ಹಿಡಿದು ಕಡಲಕುದುರೆ ಎಣಿಸಿದ. ಇಪ್ಪತ್ತಮೂರು ಇರಬೇಕು, ಇಪ್ಪತ್ತೆರಡೇ ಇದ್ದವು. ಪೈಪಿನ ಹಿಂದೆ ಬಾಲ ಸುತ್ತಿಕೊಂಡು ಮೈಮರೆತಿದ್ದ ಕೊನೆಯದನ್ನು ಹುಡುಕಿದವಳು ಅವಳೇ.

"ದಿನಾ ಒಂದು ಹೀಗೆ ಹಿಂದೆ ಉಳಿಯುತ್ತೆ" ಎಂದ ಅವನು. "ಅದು ಸಿಗೋವರೆಗೂ ನಾನು ಮನೆಗೆ ಹೋಗಲ್ಲ."

ಹೇಳುವಾಗ ಅವನ ಕಣ್ಣು ಕುದುರೆಯ ಮೇಲಿರಲಿಲ್ಲ. ಅವಳು ನೋಡಿದ್ದೇ ತಡ, ಗಾಬರಿಯಿಂದ ಬೂಟಿನ ಕಡೆ ನೋಡಿದ.

ಅಷ್ಟರಲ್ಲಿ ಹಾರ್ನು. ಅಜ್ಜಿಯ ಅಳು, ಅಪ್ಪನ ಬೈಗುಳ, ಅಮ್ಮನದು ಎರಡೂ. ಅರ್ಧ ದಾರಿ ಕಳೆದ ಮೇಲೆ ನೋಡಿಕೊಂಡರೆ ಕಾಲಲ್ಲಿ ಅವನ ಬೂಟು ಹಾಗೇ ಇದೆ. ಹೆಸರನ್ನೂ ಕೇಳಿರಲಿಲ್ಲ. ಇರಲಿ, ಮುಂದಿನ ವರ್ಷ ಬರುತ್ತೇವಲ್ಲ, ಆಗ ಕೇಳಿದರಾಯಿತು ಎಂದುಕೊಂಡಳು.

ಮುಂದಿನ ವರ್ಷ ಅಪ್ಪನಿಗೆ ದೂರದೂರಿಗೆ ವರ್ಗವಾಯಿತು. ಅದರಾಚೆಗೆ ತಾತ ಹಾಸಿಗೆ ಹಿಡಿದ. ಆಮೇಲೆ ತಾತನೇ ಇರಲಿಲ್ಲ. ಅಜ್ಜಿಯ ಎಣಿಕೆ ಹತ್ತಕ್ಕೆ ನಿಂತಿತು. ಆದರೂ ಎದೆ ಮುಟ್ಟಿಕೊಂಡ ಮೇಲೆ ಕೈ ತಾನಾಗಿ ಪಕ್ಕಕ್ಕೆ ಹೋಗಿ, ಖಾಲಿ ಗಾಳಿಯಲ್ಲಿ ಒಂದು ಗಳಿಗೆ ನಿಂತು, ಸುಮ್ಮನೆ ಕೆಳಗಿಳಿಯುತ್ತಿತ್ತು.

ಬೂಟುಗಳು ಮರೆಗುಳಿಯ ಮಂಚದ ಕೆಳಗೇ ಇದ್ದವು. ಅಮ್ಮ ಮೂರು ಸಲ ಎಸೆಯಲು ಹೋಗಿ ಮೂರು ಸಲವೂ ಸೋತಳು. ನೋಡಲು ಬಂದ ಗಂಡುಗಳಿಗೆಲ್ಲ ಏನೋ ಒಂದು ನೆಪ ಹೇಳುತ್ತ ಬಂದ ಮಗಳು, ಕಾರಣ ಮಾತ್ರ ಹೇಳಿರಲಿಲ್ಲ. ಹೆಸರೇ ಗೊತ್ತಿಲ್ಲದವನನ್ನು ಕಾರಣ ಎಂದು ಹೇಳುವುದು ಹೇಗೆ?

ಈ ವರ್ಷ ಅಜ್ಜಿಯೇ ಹಟ ಹಿಡಿದಳು. "ಆ ನೀರಾನೆ ಇದೆಯೋ ಇಲ್ವೋ ನೋಡ್ಬೇಕು, ನಡೀರಿ."

"ಏನೇ ಮರೆಗುಳಿ, ಚೀಲದಲ್ಲಿ ಬೂಟು? ಒಂಟೆಗೆ ಕಾಲಳತೆ ನೋಡ್ತೀಯಾ?" ಎಂದ ಚಿಕ್ಕಪ್ಪ.

"ನೀವು ನೀರು ತರೋಕೆ ಇಳಿದ ಕಥೆ ಹೇಳ್ಲಾ ಚಿಕ್ಕಪ್ಪ?"

ಚಿಕ್ಕಪ್ಪ ಕೋತಿಗಳ ಕಡೆ ಮುಖ ತಿರುಗಿಸಿದ.

ಸಂಜೆ ಮೀನುಮನೆಗೆ ಬಂದವಳು ನೇರ ಕಡಲಕುದುರೆಗಳ ಮೂಲೆಗೆ ನಡೆದಳು. ಗಾಜು ಒರೆಸುತ್ತಿದ್ದವಳು ಯಾರೋ ಹೆಂಗಸು.

"ಮೊದಲು ಇಲ್ಲಿ ಒರೆಸ್ತಾ ಇದ್ದವರು?"

"ನಾನು ಸೇರಿ ನಾಲ್ಕು ವರ್ಷ ಆಯ್ತಮ್ಮ. ನಾನೇ ಒರೆಸೋದು."

ಅಷ್ಟೇ. ಏಳು ವರ್ಷ ಎಂದರೆ ಸುಮ್ಮನೆಯೇ? ಹಿಂಬಾಗಿಲ ಬಳಿ ಬೂಟು ಇಟ್ಟುಬಿಡೋಣ ಎಂದು ಹೋದಳು. ಬಗ್ಗಿದಳು.

ಟಣ್, ಟಣ್.

ಬಾಗಿಲು ತಳ್ಳಿದ ಕೈ ತನ್ನದೇ ಎಂದು ಅವಳಿಗೆ ಆಮೇಲೆ ತಿಳಿಯಿತು.

ಟ್ಯಾಂಕಿನ ಅಂಚಿನಲ್ಲಿ ಸೌಟು ಹಿಡಿದು ಕೂತವನಿಗೆ ಈಗ ಗಾಜಿನ ಕೆಲಸ ತಪ್ಪಿ ಹಿಂಬದಿಯದಷ್ಟೇ ಉಳಿದಿತ್ತು, ಕನ್ನಡಕವೂ ಬಂದಿತ್ತು. ಅವನು ಅವಳ ಮುಖ ನೋಡಿದ, ಕೈಯಲ್ಲಿದ್ದ ಬೂಟು ನೋಡಿದ, ಮತ್ತೆ ಮುಖ ನೋಡಿದ.

"ಏಳು ವರ್ಷದಿಂದ ಕಾಯ್ತಾ ಇದ್ದೆ."

"ಬೂಟಿಗಾ?"

"ಬೂಟಾಗಿದ್ರೆ ಅಂಗಡಿಯಲ್ಲಿ ಸಿಕ್ತಿತ್ತು." ಮೂಲೆಯ ಹಲಗೆಯ ಮೇಲೆ ಅವಳ ಚಪ್ಪಲಿ ಇತ್ತು, ಧೂಳು ಒರೆಸಿಟ್ಟದ್ದು.

ಅವಳು ಆಮೆಯನ್ನೇ ಕೇಳುವವಳಂತೆ ಕೇಳಿದಳು, "ಮನೇಲಿ... ಯಾರ್ಯಾರಿದ್ದಾರೆ?"

"ಅಮ್ಮ ಒಬ್ಬರೇ. ದಿನಾ ತಡವಾಗಿ ಬರ್ತೀನಿ ಅಂತ ಬೈತಾರೆ."

"ಯಾಕೆ ತಡ?"

"ಎಣಿಸ್ತೀನಲ್ಲ. ಕುದುರೆಗಳೆಲ್ಲ ಸರಿಯಾಗೇ ಇರ್ತವೆ." ಸೌಟನ್ನು ಬಕೆಟ್ಟಿಗೆ ಇಳಿಸಿದ. "ಆದ್ರೂ ಆವತ್ತಿನಿಂದ ಒಂದು ಕಮ್ಮಿ ಅನ್ಸುತ್ತೆ ರೀ."

ಆಮೆ ಊಟಕ್ಕೆ ಕಾದು ಕಾದು ಬುಸ್ಸೆಂದು ಉಸಿರು ಬಿಟ್ಟಿತು.

"ನನಗೆ ಎಲ್ಲಾ ಮರೆತುಹೋಗುತ್ತೆ" ಎಂದಳು ಅವಳು. "ಬೀಗ ಎಲ್ಲಿಟ್ಟೆ ಅನ್ನೋದೂ ಮರೀತೀನಿ. ನಿಮ್ಮನ್ನ ಮರೆಯೋಕೆ ಮಾತ್ರ ಆಗಲಿಲ್ಲ."

ಅಷ್ಟರಲ್ಲಿ ಹೊರಗಿನಿಂದ ಅಜ್ಜಿಯ ದನಿ ಕೇಳಿತು. "ಎಲ್ಲಿ ಹೋದ್ಳು ಮರೆಗುಳಿ? ಎಣಿಸ್ಬೇಕು!"

ಇಬ್ಬರೂ ಹೊರಬಂದರು. ನೀಲಿ ಬೆಳಕಿನಲ್ಲಿ ಮನೆಯವರೆಲ್ಲ ಸಾಲಾಗಿ ನಿಂತಿದ್ದರು. ಅಜ್ಜಿಯ ಕೈ ಒಂದೊಂದೇ ನೆತ್ತಿ ಮುಟ್ಟುತ್ತ ಬಂತು. ಒಂಬತ್ತಕ್ಕೆ ಮರೆಗುಳಿ. ಹತ್ತಕ್ಕೆ ತನ್ನ ಎದೆ. ಆಮೇಲೆ ಆ ಕೈ, ಎಂದಿನ ಹಾಗೆ, ಪಕ್ಕದ ಖಾಲಿ ಗಾಳಿಗೆ ಹೋಗಿ ನಿಂತಿತು.

ಅವನು ಎರಡು ಹೆಜ್ಜೆ ಮುಂದೆ ಬಂದು, ಯಾರೂ ಹೇಳದೆಯೇ, ಆ ಕೈಯ ಕೆಳಗೆ ತಲೆ ಬಗ್ಗಿಸಿದ.

ಅಂಗೈಗೆ ಒದ್ದೆಗೂದಲು ತಾಕಿ ಅಜ್ಜಿ ಬೆಚ್ಚಿದಳು. "ಇದ್ಯಾರೇ?"

"ಆವತ್ತಿನ ಒಂಬತ್ತು, ಅಜ್ಜಿ" ಎಂದಳು ಮರೆಗುಳಿ, ಮೆಲ್ಲಗೆ.

ಅಪ್ಪ ಕೆಮ್ಮಿದ. ಅಮ್ಮ ಬೂಟು ನೋಡಿದಳು, ಮಗಳ ಮುಖ ನೋಡಿದಳು, ಏಳು ವರ್ಷದ ನೆಪಗಳೆಲ್ಲ ಒಟ್ಟಿಗೇ ಅರ್ಥವಾದವಳಂತೆ ಬಾಯಿಗೆ ಸೆರಗು ಒತ್ತಿಕೊಂಡಳು.

ಅಜ್ಜಿಯ ಬೆರಳು ಆ ಕೂದಲಲ್ಲಿ ಒಮ್ಮೆ ಮೆಲ್ಲಗೆ ಆಡಿತು.

"ಆವತ್ತು ಎಲ್ಲರೂ ಸೇರಿ ಮುದುಕಿ ಲೆಕ್ಕ ತಪ್ಪಿತು ಅಂದ್ರಿ. ತಪ್ಪಿರಲಿಲ್ಲ ಕಣ್ರೋ. ಸ್ವಲ್ಪ ಬೇಗ ಎಣಿಸಿದ್ದೆ, ಅಷ್ಟೆ." ಆ ತಲೆ ತಟ್ಟಿದಳು. "ಹನ್ನೊಂದು. ಹೂಂ, ನಡೀರಿ."

ಯಾರೂ ಕದಲಲಿಲ್ಲ. ಅಜ್ಜಿಯ ಕೈ ಇನ್ನೂ ಅವನ ತಲೆಯ ಮೇಲೇ ಇತ್ತು.