ಮನೆ ನೋಡಲು ಬಾರದವರು

ಹರಿಗೋಲಿಗೆ ಮೂಲೆ ಇರುವುದಿಲ್ಲ.

ಇದೇನೂ ಗುರುಶಾಂತಮ್ಮನಿಗೆ ಹೊಸ ವಿಷಯವಲ್ಲ. ಆದರೆ ಒಂದು ಕಾಲು ದಡದಲ್ಲಿ, ಇನ್ನೊಂದು ಕಾಲು ಹರಿಗೋಲಿನಲ್ಲಿ ಇಟ್ಟಿದ್ದ ಹೊತ್ತಿಗೇ, ಒಳಗೆ ಅಕ್ಕಿಚೀಲಕ್ಕೆ ಒರಗಿ ಕೂತಿದ್ದವನು ತಲೆ ಎತ್ತಿದ.

ಅವನೇ... ನೀಲಕಂಠಸ್ವಾಮಿ.

ಹೋದ ಬೇಸಿಗೆಯಲ್ಲಿ ಬಿಳಿಕೆರೆಯ ಅವಳ ಮನೆಗೆ ಹೆಣ್ಣು ನೋಡಲು ಬಂದು, ಉಪ್ಪಿಟ್ಟು ತಿಂದು, ನೀರು ಕುಡಿದು ಹೋದವನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಹೆಸರು ನೀಲಕಂಠ, ವರ್ಷದಿಂದ ಸಿಕ್ಕಿಕೊಂಡಿದ್ದದ್ದು ಮಾತ್ರ ಇವಳ ಕಂಠದಲ್ಲಿ.

"ಬಿರ್ರನೆ ಕೂತ್ಕಳಿ ತಾಯಿ," ಎಂದ ಅಂಬಿಗ ಸಣ್ಣಬೀರಯ್ಯ. "ಅಲ್ಲೊಂದು ಕಾಲು ಇಲ್ಲೊಂದು ಕಾಲು ಮಡಗಿದ್ರೆ ಅರಿಗೋಲು ಮಗುಚ್ಕತದೆ."

ಕೂತಳು. ಎಲ್ಲಿ ಕೂತರೂ ಅವನ ಎದುರೇ. ದುಂಡನೆಯ ಹರಿಗೋಲು ತಿರುಗಿದಂತೆಲ್ಲ ಆಕಾಶ ತಿರುಗಿತು, ದಡ ತಿರುಗಿತು. ಅವನ ಮುಖ ಮಾತ್ರ ಇದ್ದಲ್ಲೇ ಇತ್ತು.

ಅವಳ ಹೆಸರಿನಲ್ಲಿ ಗುರುವೂ ಇದ್ದ, ಶಾಂತಿಯೂ ಇತ್ತು. ಆ ಹೊತ್ತಿಗೆ ಇಬ್ಬರೂ ಕೈಕೊಟ್ಟಿದ್ದರು.

ಕನ್ನಂಬಾಡಿ ಕಟ್ಟೆ ಕಟ್ಟಿದಾಗ ಅವಳ ತಾತನ ಊರು ಹಿನ್ನೀರಿನಲ್ಲಿ ಮುಳುಗಿತ್ತು. ಬೇಸಿಗೆಯಲ್ಲಿ ನೀರು ಇಳಿದಾಗ ಊರಿನ ದಿಣ್ಣೆಗಳು ನಡುಗಡ್ಡೆಗಳಾಗಿ ತಲೆ ಎತ್ತುತ್ತಿದ್ದವು. ಆ ದಿಣ್ಣೆಗಳ ಮೇಲೆ ಹಿರೀಕರನ್ನು ಹೂತಿಟ್ಟ ಗದ್ದಿಗೆಗಳಿದ್ದವು. ಊರು ಬಿಟ್ಟ ಮನೆತನದವರು ವರ್ಷಕ್ಕೊಮ್ಮೆ ಹರಿಗೋಲಿನಲ್ಲಿ ದಿಣ್ಣೆಯಿಂದ ದಿಣ್ಣೆಗೆ ಹೋಗಿ, ಅಲ್ಲೇ ಒಲೆ ಹೂಡಿ, ಅಲ್ಲೇ ಮಲಗಿ, ಗದ್ದಿಗೆಗಳಿಗೆ ವಿಭೂತಿ ಹಚ್ಚಿ ಬರುತ್ತಿದ್ದರು. ಮೊದಲ ಗದ್ದಿಗೆಗೆ ಹೂ ಏರಿಸಿದ ಮೇಲೆ ಕೊನೆಯದು ಮುಗಿಯುವ ತನಕ ಯಾರೂ ದಡ ಮುಟ್ಟುವಂತಿಲ್ಲ. ಅದು ಕಟ್ಟಳೆ.

ನೀಲಕಂಠನ ತಾಯಿಯ ತವರೂ ಅದೇ ಊರು. ಪ್ರತಿ ವರ್ಷ ಅವನ ಸೋದರಮಾವ ಬರುತ್ತಿದ್ದರು.

"ಮಾವ ಬರ್ಲಿಲ್ವೇನಪ್ಪ?" ಅವಳ ತಂದೆ ಮಹದೇವಪ್ಪನವರು ನೀರನ್ನೇ ನೋಡುತ್ತ ಕೇಳಿದರು.

"ಇಲ್ಲ ಸ್ವಾಮಿ. ಈ ಸಲ ನಾನೇ ಬಂದೆ."

"ಸರಿ."

ಆ 'ಸರಿ'ಯಲ್ಲಿ ಸರಿಯಾದದ್ದು ಏನೂ ಇರಲಿಲ್ಲ.

ಸೋದರತ್ತೆ ಮಂಗಳಮ್ಮ ಅವಳ ಕಿವಿಯ ಹತ್ತಿರ ಬಾಗಿದರು. "ಮಕ ನೋಡು, ಏನೂ ಆಗೇ ಇಲ್ಲ ಅನ್ನಂಗೆ ಕುಂತವ್ನೆ."

"ಸುಮ್ನಿರತ್ತೆ. ಕೇಳಿಸ್ತದೆ."

"ಕೇಳಿಸ್ಲಿ ಅಂತ್ಲೇ ಯೋಳಿದ್ದು."

ಗುರುಶಾಂತಮ್ಮ ಕಣ್ಣು ಮುಚ್ಚಿದಳು. ಅತ್ತೆಗೆ ಕೋಪ ಅವನ ಮೇಲೆ. ಆದರೆ ಅವಳಿಗೆ ಗೊತ್ತಿತ್ತು... ತಪ್ಪು ತನ್ನದೇ.

ಅವಳು ಕೃಷ್ಣರಾಜನಗರದ ಹೆಣ್ಣುಮಕ್ಕಳ ಶಾಲೆಯಲ್ಲಿ ಮೇಡಂ. ಆದರೆ ಹುಟ್ಟಿನಿಂದ ಬಂದ ಚಾಳಿ ಒಂದಿತ್ತು. ಯಾರ ಮಾತು ಕೇಳಿದರೂ ಅವರ ಹಾಗೇ ಆಡಿ ತೋರಿಸುವುದು. ಹೆಣ್ಣು ನೋಡಿದ ದಿನ ಹಜಾರದಲ್ಲಿ ತಲೆ ತಗ್ಗಿಸಿ ಕೂತು ಬಂದವಳು, ಅಡುಗೆಮನೆಗೆ ಹೋದದ್ದೇ ಹುಡುಗನ ತಾಯಿ ಸುಂದ್ರಮ್ಮನಾಗಿಬಿಟ್ಟಿದ್ದಳು. ಅದೇ ಮೂಗಿನ ದನಿ, ಅದೇ ಕತ್ತಿನ ಕೊಂಕು: "ಉಪ್ಪಿಟ್ಟು ಬಾಳ ಉದುರುದುರಾಗ್ಯದೆ ಕಣವ್ವ. ನಮ್ಮನೇದು ಉಪ್ಪಿಟ್ಟು ಓಗಿ ಮುದ್ದೆ ಆಯ್ತದೆ."

ಅತ್ತೆ ನಕ್ಕೂ ನಕ್ಕೂ ಒರಳಿನ ಮೇಲೆ ಕೂತಿದ್ದರು. ತಿರುಗಿ ನೋಡಿದರೆ ಹಿತ್ತಲ ಬಾಗಿಲಲ್ಲಿ ಕೈ ತೊಳೆಯಲು ಚೊಂಬು ಹಿಡಿದು ನಿಂತಿದ್ದಾನೆ... ನೀಲಕಂಠ!

ಒಂದು ಮಾತೂ ಆಡದೆ ಹೋದ. ಆಮೇಲೆ ಸುದ್ದಿಯೇ ಇಲ್ಲ. ಅಂದಿನಿಂದ ಅವಳು ಯಾರ ದನಿಯನ್ನೂ ಮುಟ್ಟಿರಲಿಲ್ಲ. ಶಾಲೆಯ ಮಕ್ಕಳು ಗೋಗರೆದರೂ ಇಲ್ಲ.

ಈಗ ಕೃಷ್ಣರಾಜನಗರದ ಅಕ್ಕಿ ಮಿಲ್ಲಿನ ಚನ್ನಬಸವಣ್ಣನವರ ಸಂಬಂಧ ಬಂದಿತ್ತು. ಹೆಂಡತಿ ತೀರಿಕೊಂಡ ಮರ್ಯಾದಸ್ಥರು. ಕೆಟ್ಟವರಲ್ಲ. ಆದರೆ ಆ ಮನೆಯ ಹೆಂಗಸರು ಮಿಲ್ಲಿನ ಕಾಂಪೌಂಡು ದಾಟುವುದಿಲ್ಲ. ಶಾಲೆ ಬಿಡಬೇಕು. ಪಯಣ ಮುಗಿಸಿ ದಡ ಮುಟ್ಟಿದ ದಿನವೇ ಉತ್ತರ ಹೇಳಿಕಳಿಸುತ್ತೇನೆಂದು ಅಪ್ಪ ಹೇಳಿಬಂದಿದ್ದರು.

ಉತ್ತರ ಏನೆಂದು ಅವಳನ್ನು ಯಾರೂ ಕೇಳಿರಲಿಲ್ಲ.

*

ಮೊದಲ ದಿಣ್ಣೆಯ ಪೂಜೆ ಸಲೀಸಾಗಿ ಆಯಿತು. ಎರಡನೆಯ ದಿಣ್ಣೆಗೆ ಕಾಲಿಟ್ಟದ್ದೇ ತಡ, ಗಾಳಿ ಎದ್ದಿತು. ಹಿನ್ನೀರಿನ ತುಂಬ ಅಲೆಗಳು ಬೆಳ್ಳಗೆ ಹಲ್ಲು ಕಿರಿದವು.

"ಇವತ್ತು ಅಲ್ಲಾಡಂಗಿಲ್ಲ," ಎಂದ ಸಣ್ಣಬೀರಯ್ಯ ಹರಿಗೋಲನ್ನು ಮಗುಚಿ ಹಾಕುತ್ತ.

"ನಾಳೆ?" ಮಹದೇವಪ್ಪ ಕೇಳಿದರು.

"ಗಾಳಿ ಕೇಳ್ಬೇಕು ಬುದ್ಧಿ. ನನ್ನ ಮಾತು ನನ್ನ ಯೆಂಡ್ತಿನೇ ಕೇಳಕಿಲ್ಲ."

ಮಾರನೆಯ ದಿನವೂ ಗಾಳಿ ನಿಲ್ಲಲಿಲ್ಲ. ದಿಣ್ಣೆಯೋ ಒಂದು ಕಣದಷ್ಟು ಅಗಲ. ಬಿರುಕುಬಿಟ್ಟ ಕೆಸರು, ಯಾರದೋ ಮನೆಯ ಹೊಸ್ತಿಲ ಕಲ್ಲು, ಮಣ್ಣಲ್ಲಿ ಅರ್ಧ ಹೂತ ಬೀಸುವ ಕಲ್ಲು. ಒಂದು ಮರವೂ ಇಲ್ಲ. ಗಳುಗಳ ಮೇಲೆ ಕಟ್ಟಿದ ಜಮಖಾನದ ನೆರಳೊಂದೇ. ಆ ನೆರಳಿನಲ್ಲಿ ಅಪ್ಪ, ಅತ್ತೆ, ಅವನು, ತಾನು. ಎದ್ದು ಹೋಗೋಣವೆಂದರೆ ಹೋದಲ್ಲೆಲ್ಲ ನೀರು.

'ಇಲ್ಲಿಂದ ಬಿಡುಗಡೆಯಾದರೆ ಎಲ್ಲಿಗೆ?' ಅವಳು ತನ್ನನ್ನೇ ಕೇಳಿಕೊಂಡಳು. 'ಇಲ್ಲಿ ಸುತ್ತ ನೀರು. ಅಲ್ಲಿ ಸುತ್ತ ಗೋಡೆ...'

ಮಧ್ಯಾಹ್ನ ಮುದ್ದೆ ಬಡಿಸುವಾಗ ಮಂಗಳಮ್ಮನ ಬಾಯಿ ಸುಮ್ಮನಿರಲಿಲ್ಲ.

"ನೋಡ್ಕಂಡು ಉಣ್ಣಪ್ಪ. ನಮ್ಮನೆ ಉಪ್ಪಿಟ್ಟು ತಿಂದೋರು ನಾಪತ್ತೆ ಆಯ್ತಾರೆ. ಇಲ್ಲಿ ಓಡೋಗಕೂ ಜಾಗಿಲ್ಲ."

ನೀಲಕಂಠನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

"ಓಡೋದೋನು ನಾನಾ, ಅಮ್ಮ?"

"ಮತ್ಯಾರು? ನಾವಾ?"

"ನೀವೇ. ಮನೆ ನೋಡಕ್ಕೆ ಬರದೇ ಇದ್ದೋರು ನೀವು."

ಮಹದೇವಪ್ಪ ತಲೆ ಎತ್ತಿದರು. "ಏನಂದೆ?"

"ತಪ್ಪು ತಿಳೀಬೇಡಿ ಸ್ವಾಮಿ." ಅವನು ತುತ್ತನ್ನು ತಟ್ಟೆಗೆ ಇಳಿಸಿದ. "ನೀವು ಬರ್ತೀರ ಅಂತ ಅವ್ವ ಮನೆಗೆ ಸುಣ್ಣ ಹೊಡೆಸಿದ್ಲು. ಶ್ರಾವಣ ಆಯ್ತು, ದೀಪಾವಳಿ ಆಯ್ತು. ಬೀದಿ ನಾಯಿ ಬೊಗಳಿದ್ರೆ ಸಾಕು, 'ಬಿಳಿಕೆರೆಯೋರು ಬಂದ್ರೇನೋ ನೋಡ್ಲಾ' ಅನ್ನೋಳು. ಕೊನೆಗೆ ಬೆಳ್ಳಗಾಗಿದ್ದು ಗೋಡೆಯಲ್ಲ, ನಮ್ಮ ಮುಖ."

"ಅಲ್ಲಯ್ಯಾ, ನೀವು ಕರೀದೆ ನಾವು ಹೆಂಗಪ್ಪಾ ಬರೋದು?" ಎಂದರು ಮಹದೇವಪ್ಪ. "ಗಂಡಿನೋರು ಹೇಳಿಕಳಿಸಿದ ಮೇಲೆ ತಾನೆ ಮನೆ ನೋಡೋ ಶಾಸ್ತ್ರ? ಕರೀದೆ ಹೋದ್ರೆ, ಹೆಣ್ಣು ಇವರಿಗೆ ಹೊರೆ ಆಗಿದಾಳೆ ಅಂತಾರೆ ನಮ್ಮ ಕಡೆ."

"ನಮ್ಮ ಪಿರಿಯಾಪಟ್ಟಣದ ಕಡೆ ಕರೆದ್ರೇ ತಪ್ಪು! ಕರೆದು ತೋರಿಸಿದ ಮನೇಲಿ ಸಾಲ ತಂದ ಪಾತ್ರೆ ಇರ್ತವೆ ಅಂತಾರೆ. ಹೆಣ್ಣಿನೋರು ಹೇಳದೆ ಕೇಳದೆ ಬಂದು, ಇದ್ದ ಮನೇನ ಇದ್ದಂಗೆ ನೋಡ್ಬೇಕು. ಬಂದ್ರೆ ಒಪ್ಪಿಗೆ. ಬರ್ಲಿಲ್ಲ ಅಂದ್ರೆ... ಇಲ್ಲ."

ಗಾಳಿಗೆ ಜಮಖಾನ ಪಟಪಟ ಬಡಿದುಕೊಂಡಿತು.

"ಅಯ್ಯೋ ಶಿವನೆ," ಎಂದ ಸಣ್ಣಬೀರಯ್ಯ. "ಇಬ್ರೂ ಬಾಗ್ಲು ತಕ್ಕೊಂಡೇ ಕಾದವ್ರೆ. ಒಬ್ರಾದ್ರೂ ನಡೀಬೇಕಿತ್ತಲ್ಲ ಬುದ್ಧಿ."

ಮಂಗಳಮ್ಮ ಮೊದಲ ಬಾರಿಗೆ ಬಾಯಿ ಮುಚ್ಚಿ, ನೀಲಕಂಠನ ಮುದ್ದೆಗೆ ತುಪ್ಪ ಹಾಕಿದರು.

ಮಹದೇವಪ್ಪ ಕೈ ತೊಳೆದು ಎದ್ದರು. "ಆದದ್ದು ಆಗೋಯ್ತು. ಈಗ ಚನ್ನಬಸವಣ್ಣನೋರಿಗೆ ಮಾತು ಹೇಳಿದೀನಿ."

ಗುರುಶಾಂತಮ್ಮನಿಗೆ ಅಲ್ಲಿ ಕೂರಲಾಗಲಿಲ್ಲ. ಎದ್ದು ನೀರಿನ ಅಂಚಿಗೆ ಹೋದಳು. ಅದಕ್ಕಿಂತ ದೂರ ಹೋಗಲು ದಿಣ್ಣೆಯಲ್ಲಿ ನೆಲವೇ ಇರಲಿಲ್ಲ.

ಸ್ವಲ್ಪ ಹೊತ್ತಿಗೆ ಹಿಂದೆ ಹೆಜ್ಜೆ ಸಪ್ಪಳ. ಅವನು ಎಲ್ಲರಿಗೂ ಕಾಣುವಷ್ಟು ದೂರದಲ್ಲೇ ನಿಂತ.

"ನಾನು ಅಂದ್ಕೊಂಡಿದ್ದೆ..." ಅವಳು ತಿರುಗದೆಯೇ ಹೇಳಿದಳು, "ಅವತ್ತು ಅಡುಗೆಮನೇಲಿ ನಿಮ್ಮ ತಾಯಿ ಥರ ಆಡಿದ್ನಲ್ಲ... ಅದಕ್ಕೇ ನೀವು ಬೇಡ ಅಂದ್ರಿ ಅಂತ."

"ಅದಾ?"

"ನಗಬೇಡಿ. ವರ್ಷವೆಲ್ಲ ಸತ್ತಿದೀನಿ ನಾನು."

"ನಗ್ತಿಲ್ಲ." ನಿಜಕ್ಕೂ ಅವನು ನಗುತ್ತಿರಲಿಲ್ಲ. "ಅವತ್ತು ನಾನು ಮಾತಾಡದೆ ಹೋಗಿದ್ದು ಯಾಕೆ ಗೊತ್ತಾ? ಬಾಯಿ ತೆಗೆದ್ರೆ ನಗು ಬಂದ್ಬಿಡ್ತಿತ್ತು. ಹಜಾರದಲ್ಲಿ ನಿಮ್ಮಪ್ಪಾಜಿ ಗಂಭೀರವಾಗಿ ಕೂತಿದ್ರು."

"ನಿಮ್ಮವ್ವಂಗೆ ಹೇಳಿದ್ರಾ?"

"ಬಸ್ಸಲ್ಲೇ ಹೇಳ್ದೆ. ಸೆರಗು ಬಾಯಿಗೆ ತುರ್ಕೊಂಡು ಹುಣಸೂರು ಬರೋತಂಕ ನಕ್ಲು. 'ನಿಮ್ಮಪ್ಪ ತೀರ್ಕಂಡ್ಮೇಲೆ ನಮ್ಮನೇಲಿ ಯಾರೂ ನಕ್ಕಿಲ್ಲ ಕಣ್ಲಾ, ಈ ಉಡ್ಗೀನೇ ತಂದ್ಕೊ' ಅಂದ್ಲು."

ಅವಳ ಕಣ್ಣಲ್ಲಿ ನೀರು ತುಂಬಿತು. ಬೇಡವೆಂದು ತಾನು ಹೂತಿಟ್ಟ ದನಿಗಾಗಿ, ಯಾವುದೋ ಮನೆಯಲ್ಲಿ ಒಬ್ಬ ತಾಯಿ ಬಾಗಿಲಿಗೆ ಕಿವಿಗೊಟ್ಟು ಕಾದಿದ್ದಳು!

"ಈ ಸಲ ಮಾವನ್ನ ಬರಬೇಡಿ ಅಂತ ನಾನೇ ತಡೆದೆ," ಅವನು ಮೆಲ್ಲಗೆ ಹೇಳಿದ. "ನೀವು ಬರ್ತೀರ ಅಂತ ಗೊತ್ತಿತ್ತು. ಯಾಕೆ ಬರ್ಲಿಲ್ಲ ಅಂತ ಒಂದು ಮಾತು ಕೇಳಿ ಹೋಗೋಣ ಅಂತ... ಕೇಳಿದ್ಮೇಲೆ ಮರೆಯಬಹುದು ಅಂತ ಬಂದೆ. ಈಗ ಮರೆಯಕ್ಕೂ ಆಗಲ್ಲ."

"ಅಪ್ಪಾಜೀನ ನೀವೇ ಕೇಳಿ."

"ಕೇಳ್ಬಹುದು. ಆದ್ರೆ ಕೊಟ್ಟ ಮಾತು ಮುರೀರಿ ಅಂತ ಅವರಿಗೆ ನಾನು ಹೆಂಗೆ ಹೇಳಲಿ? ನಿಮ್ಮ ಮನಸ್ಸಲ್ಲಿ ಏನಿದೆ ಅಂತಾನೇ ನಂಗೆ ಗೊತ್ತಿಲ್ಲ."

ಅಷ್ಟರಲ್ಲಿ ಜಮಖಾನದ ಕೆಳಗಿಂದ ಅಪ್ಪನ ಕೆಮ್ಮು ಕೇಳಿಸಿತು. ಅವನು ಹಿಂದಿರುಗಿದ. ಅವಳು ಅಲೆಗಳನ್ನೇ ನೋಡುತ್ತ ನಿಂತಳು. ಅಪ್ಪ ಕರೆಯದೆ ಹೋಗುವವರಲ್ಲ. ಅವನು ತನ್ನ ಮನಸ್ಸು ತಿಳಿಯದೆ ಅಪ್ಪನನ್ನು ಕೇಳುವವನಲ್ಲ. ನಡುವೆ ಸಿಕ್ಕಿಕೊಂಡವಳು ತಾನೊಬ್ಬಳೇ... ಬಿಡಿಸಿಕೊಳ್ಳಬೇಕಾದವಳೂ ತಾನೊಬ್ಬಳೇ.

*

ಬೆಳಗ್ಗೆ ಗಾಳಿ ಬಿದ್ದಿತ್ತು. ನೀರು ಎಣ್ಣೆಯ ಹಾಗೆ ನಿಂತಿತ್ತು.

ಕೊನೆಯ ದಿಣ್ಣೆ ಎಲ್ಲಕ್ಕಿಂತ ಚಿಕ್ಕದು. ಮಹದೇವಪ್ಪ ತಮ್ಮ ಅಜ್ಜಿಯ ಗದ್ದಿಗೆಗೆ ನೀರೆರೆದು ವಿಭೂತಿ ಹಚ್ಚಿದರು. ಇನ್ನು ಹೂ ಏರಿಸಿದರೆ ಪಯಣ ಮುಗಿಯಿತು. ದಡ, ಆಮೇಲೆ ಮಿಲ್ಲು.

"ಅಪ್ಪಾಜಿ."

"ಹೂಂ?"

"ನಾನು ಚನ್ನಬಸವಣ್ಣನೋರನ್ನ ಮದುವೆ ಆಗಲ್ಲ."

ಹೂ ಹಿಡಿದ ಕೈ ನಿಂತಿತು. ಹಿಂದೆ ಮಂಗಳಮ್ಮ ಉಸಿರೆಳೆದುಕೊಂಡದ್ದು ಕೇಳಿಸಿತು.

"ಮಾತು ಹೇಳಿದೀನಿ ಮಗ."

"ಉತ್ತರ ಹೇಳ್ತೀನಿ ಅಂದಿದೀರ. ಒಪ್ಕೊಂಡಿದೀನಿ ಅಂದಿಲ್ಲ. ಅವರು ಒಳ್ಳೇರು. 'ಇಲ್ಲ' ಅಂತ ನೇರ ಹೇಳಿದ್ರೆ ಅವರಿಗೂ ಮರ್ಯಾದೆ." ಅವಳು ಅಲ್ಲಿಗೇ ನಿಲ್ಲಿಸಲಿಲ್ಲ. "ಆಮೇಲೆ ನಾವು ಪಿರಿಯಾಪಟ್ಟಣಕ್ಕೆ ಹೋಗಿ ಮನೆ ನೋಡೋಣ. ಇವತ್ತೇ."

"ಕರೀದೆ? ಜನ ಏನಂತಾರೆ?"

"ಹೊರೆ ಆಗಿದ್ದೆ ಅಂತಾರೆ. ಅನ್ನಲಿ. ಮಿಲ್ಲಿನ ಕಾಂಪೌಂಡೊಳಗೆ ಉಸಿರು ಕಟ್ಕೊಂಡು ಕೂತ್ರೆ ಆಗ ಯಾರೂ ಏನೂ ಅನ್ನಲ್ಲ ಅಪ್ಪಾಜಿ. ಅದೇ ನಂಗೆ ಭಯ."

ಮಹದೇವಪ್ಪ ಗದ್ದಿಗೆಯಿಂದ ಅವಳ ಕಡೆ ತಿರುಗಿದರು. ಮಗಳು ಈ ವರ್ಷ ಒಮ್ಮೆಯೂ ಜೋರಾಗಿ ನಗಲಿಲ್ಲವೆಂಬುದು ಅವರಿಗೆ ಆಗ ಹೊಳೆಯಿತೋ, ಮೊದಲೇ ಗೊತ್ತಿತ್ತೋ... ಹೂವನ್ನು ಅವಳ ಕೈಗೆ ಕೊಟ್ಟರು.

"ನೀನೇ ಏರಿಸು."

ಏರಿಸಿದಳು.

"ಬೀರಯ್ಯ," ಅವರು ಕೂಗಿದರು. "ಪಿರಿಯಾಪಟ್ಟಣದ ಬಸ್ಸು ಸಿಗೋ ಕಡೆ ಬುಡಪ್ಪ."

"ಈ ಕೊಳೆ ಸೀರೇಲಿ ಬೀಗ್ರ ಮನೆಗಾ?" ಮಂಗಳಮ್ಮ ಗಾಬರಿಯಾದರು. "ನಾ ಬರಕಿಲ್ಲ ಬುಡಣ್ಣ... ಲೇ ಶಾಂತಿ, ನನ್ನ ಬಾಚಣಿಗೆ ಎಲ್ಲಮ್ಮಿ?"

ನೀಲಕಂಠ ಹರಿಗೋಲಿನ ಅಂಚು ಹಿಡಿದು ನೀರಿನಲ್ಲಿ ನಿಂತಿದ್ದ. ಎಲ್ಲವೂ ಕೇಳಿಸಿತ್ತು. ಅವಳು ಹತ್ತಿರ ಬಂದಾಗ ಏನು ಹೇಳಬೇಕೋ ತಿಳಿಯದೆ, ಅತ್ಯಂತ ಅವಶ್ಯವಾದ ವಿಷಯವನ್ನೇ ಹೇಳಿದ.

"ಇವತ್ತು ಅವ್ವ ಮನೇಲಿರಲ್ಲ. ಹೊಲಕ್ಕೆ ಹೋಗಿರ್ತಾಳೆ. ಬೀಗ ಹಾಕಿರ್ತದೆ."

"ಬರೋದು ಎಷ್ಟೊತ್ತಿಗೆ?"

"ಸಂಜೆ ಆಗ್ತದೆ."

"ಜಗಲಿ ಮೇಲೆ ಕೂತಿರ್ತೀನಿ."

"ಅಲ್ಲಿ ಬಿಸಿಲು ಬಡೀತದೆ."

"ಬಡೀಲಿ ಬುಡಿ," ಎಂದಳು ಗುರುಶಾಂತಮ್ಮ. "ನಿಮ್ಮವ್ವ ವರ್ಷ ಕಾದವ್ರೆ. ನಾನು ಒಂದು ಮಧ್ಯಾಹ್ನ ಕಾಯ್ತೀನಿ."

ಅವನು ಕೈ ನೀಡಿದ. ಅವಳು ಆ ಕೈ ಹಿಡಿದೇ ಹರಿಗೋಲು ಹತ್ತಿದಳು.

"ಒಬ್ರೇ ಕಾಯ್ಬೇಡಿ," ಎಂದ ಅವನು. "ಪಕ್ಕದಲ್ಲಿ ನಾನೂ ಕೂತ್ಕೋತೀನಿ."