ಗೊಲ್ಲಾಳಪ್ಪನ ಹೂವು

“ಈ ಬಟ್ಟಿ ನಡೆಯಂಗಿಲ್ರಿ. ಮೈತುಂಬ ಕಲಿ ಅದಾವ.”

ರಂಗಂಪೇಟೆ ನೇಕಾರರ ಸೊಸೈಟಿಯಲ್ಲಿ ಮೇಜಿನ ಹಿಂದೆ ಕುಳಿತಿದ್ದವನು ಹಾಗೆಂದು, ಬಿಳಿ ಬಟ್ಟೆಗೆ ಕಟ್ಟಿದ್ದ ಚೀಟಿಯ ಮೇಲೆ ‘ರದ್ದು’ ಎಂಬ ನೀಲಿ ಮುದ್ರೆ ಒತ್ತಿಬಿಟ್ಟ.

ಸಾಲಿನಲ್ಲಿ ನಿಂತಿದ್ದ ನೇಕಾರರೆಲ್ಲ ಉಸಿರು ಬಿಗಿಹಿಡಿದರು. ಪಾಪ, ಅವನಿಗೆ ಗೊತ್ತಿರಲಿಲ್ಲ. ತಪಾಸಣೆ ಗುಮಾಸ್ತ ಯಂಕಣ್ಣ ಹತ್ತಿಕುಣಿಯಿಂದ ಬಂದು ಎರಡು ದಿನವಾಗಿತ್ತಷ್ಟೆ. ಎದುರಿಗೆ ನಿಂತವಳು ಯಾರೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಅವಳು ಮೌನಮ್ಮ. ವಯಸ್ಸು ಮೂವತ್ತಾರು. ತೀರಿಹೋದ ಗೊಲ್ಲಾಳಪ್ಪನ ಒಬ್ಬಳೇ ಮಗಳು. ಸುರಪುರ ಸೀಮೆಯಲ್ಲಿ ಬಿಳಿ ನೂಲಿನ ಮೇಲೆ ಬಿಳಿ ನೂಲಿನ ಹೂವು ಅರಳಿಸುವವರಲ್ಲಿ ಆಗ ಉಳಿದಿದ್ದವಳು ಇವಳೊಬ್ಬಳೇ. ಹೆಸರಿಗೂ ನಾಲಿಗೆಗೂ ಸಂಬಂಧವಿರಲಿಲ್ಲ.

ಅವಳು ಮುದ್ರೆ ನೋಡಿದಳು. ಆಮೇಲೆ ಅವನನ್ನು ನೋಡಿದಳು. ತುಟಿಯ ಒಂದು ಬದಿಯಲ್ಲಷ್ಟೇ ನಕ್ಕಳು.

“ಸಾಹೇಬ್ರ, ಸುರಪುರ ದವಾಖಾನಿಗೆ ಸೋಮವಾರಕ್ಕೊಮ್ಮೆ ಕಣ್ಣಿನ ಡಾಕ್ಟರ್ ಬರ್ತಾರ. ಚೀಟಿ ಮಾಡಿಸ್ರಿ.”

ಬಟ್ಟೆಯನ್ನು ಅವನ ಕೈಯಿಂದ ಕಿತ್ತುಕೊಂಡು ಬಾಗಿಲಿಗೆ ನಡೆದಳು. ಬೆಳಗಿನ ಬಿಸಿಲಿಗೆ ಓರೆಯಾಗಿ ಹಿಡಿದಳು.

‘ಕಲೆ’ಗಳೆಲ್ಲ ಒಮ್ಮೆಲೇ ಹೂವಾದವು! ಎಲೆ, ಬಳ್ಳಿ, ಮೊಗ್ಗು… ಬಿಳಿಯೊಳಗಿಂದಲೇ ಎದ್ದು ಬಂದಂತೆ ಹೊಳೆದವು.

“ಇದಕ್ಕ ಡಮಾಸ್ಕ್ ಅಂತಾರ. ನಿಮ್ಮ ರಿಜಿಸ್ಟರಿನಾಗ ಹೆಸರದ. ಓದಾಕ ಬರ್ತದಿಲ್ಲೋ?”

ಯಂಕಣ್ಣ ಎದ್ದು ಬಂದ. ಬಹಳ ಹೊತ್ತು ನೋಡಿದ. ಆಮೇಲೆ ಎಲ್ಲರ ಮುಂದೆಯೇ ಚೀಟಿಯ ಮುದ್ರೆಯನ್ನು ಹೊಡೆದುಹಾಕಿ ಸಹಿ ಮಾಡಿದ. “ತಪ್ಪಾತ್ರಿ. ನನಗ ಕಾಣ್ಲಿಲ್ಲ.”

ಸಾಲಿನಲ್ಲಿ ಗುಸುಗುಸು ಎದ್ದಿತು. ತಪ್ಪು ಒಪ್ಪಿಕೊಂಡ ಗುಮಾಸ್ತನನ್ನು ಅಲ್ಲಿ ಯಾರೂ ಕಂಡಿರಲಿಲ್ಲ. ಮೌನಮ್ಮನಿಗೆ ಅದೂ ಹಿಡಿಸಲಿಲ್ಲ. ‘ಕಣ್ಣೂ ಇಲ್ಲ, ಬೆನ್ನೆಲುಬೂ ಇಲ್ಲ…’ ಎಂದುಕೊಂಡು ಮನೆಗೆ ನಡೆದಳು.

ಮರುದಿನ ಬೆಳಿಗ್ಗೆ ಆರಕ್ಕೆ ಅವಳ ಮನೆಯ ಮುಂದೆ ಸೈಕಲ್ ನಿಂತಿತು.

“ನೇಯೋದು ಕಲಸ್ರಿ,” ಎಂದ ಯಂಕಣ್ಣ. “ಗೊತ್ತಿಲ್ದ ಮುದ್ರಿ ಒತ್ತೋದು ನನ್ನಿಂದ ಆಗಂಗಿಲ್ಲ.”

ಅದು ನಾರಾಯಣಪುರದ ಕಾಲುವೆಗೆ ನೀರು ಬಿಟ್ಟು ನಾಲ್ಕನೇ ವರ್ಷ. ಓಣಿಯ ಗಂಡಸರು ಮಗ್ಗ ಬಿಟ್ಟು ಮೊದಲು ಕಾಲುವೆ ಅಗೆಯಲು ಹೋದರು, ಈಗ ಅದೇ ಕಾಲುವೆಯ ಕೆಳಗೆ ಭತ್ತ ಹಚ್ಚಲು ಹೋಗುತ್ತಿದ್ದರು. ನೇಕಾರ ಕಾಲು ಇಳಿಬಿಟ್ಟು ಕೂರುವ ಮಗ್ಗದ ಗುಂಡಿಗಳಲ್ಲಿ ಈಗ ಭತ್ತದ ಚೀಲಗಳು ಕುಳಿತಿದ್ದವು. ಅವರನ್ನು ನೆನೆದರೆ ಮೌನಮ್ಮನಿಗೆ ಉಗುಳಬೇಕೆನಿಸುತ್ತಿತ್ತು. ಅಪ್ಪನಿಗೆ ಲಕ್ವಾ ಹೊಡೆದಾಗ ಬಂದ ಸಂಬಂಧಗಳನ್ನೆಲ್ಲ ತಿರುಗಿಸಿ ಗುಂಡಿಗೆ ಇಳಿದವಳು ಅವಳು. ಇವರಿಗೆ ನಾಲ್ಕು ಮಡಿ ಹಸಿರು ಕಂಡದ್ದೇ ಸಾಕಾಯಿತು.

“ಎಲ್ಲಾರೂ ಮಗ್ಗ ಬಿಟ್ಟು ಕಾಲಿವಿ ಹಿಂದ ಓಡ್ಯಾರ. ಬಿ.ಎ. ಓದಿದ ಸಾಹೇಬ ಮಗ್ಗಕ್ಕ ಬಂದಾನ,” ಎಂದಳು. “ಕೈ ತೋರಸ್ರಿ.”

ಅವನು ತೋರಿಸಿದ.

“ಪೆನ್ ಹಿಡಿದ ಕೈ. ಎಳಿ ಹಿಡಿದ್ರ ಹರೀತಾವ.”

“ಹರಿದ್ರ ಗಂಟು ಹಾಕೋದು ಕಲಸ್ರಿ.”

ಕಟ್ಟೆಯ ಮೇಲೆ ಕಂಡಿಕೆಗೆ ನೂಲು ಸುತ್ತುತ್ತಿದ್ದ ಪಕ್ಕದ ಮನೆಯ ಮುದುಕಿ ಖುರ್ಷೀದಬೇಗಂ ನಕ್ಕಳು. “ಕುಂದರ್ಲಿ ಬಿಡು ಬೇಟಿ. ನಾಕು ದಿನಕ್ಕ ಓಡಿಹೋಗ್ತಾನ.”

ಓಡಿಸಬೇಕೆಂದೇ ಮೌನಮ್ಮ ಒಂದು ತಿಂಗಳು ಅವನ ಕೈಗೆ ಬರೀ ಹರಿದ ಎಳೆ ಕೊಟ್ಟಳು. ಆರರಿಂದ ಒಂಬತ್ತರವರೆಗೆ ಅವನು ಗಂಟು ಹಾಕುತ್ತಿದ್ದ, ಆಮೇಲೆ ಆಫೀಸಿಗೆ ಹೋಗುತ್ತಿದ್ದ.

“ಮಗ್ಗದ ಮುಂದ ಕುಂತವ್ರಿಗೆ ನಾ ಸಾಹೇಬ ಅನ್ನಂಗಿಲ್ಲ,” ಎಂದು ಎರಡನೇ ದಿನವೇ ಅವಳು ಏಕವಚನಕ್ಕೆ ಇಳಿದಿದ್ದಳು. “ಇದು ಗಂಟೇನು? ಬೆಲ್ಲದ ಹೆಂಟಿ ಇದ್ದಂಗ ಅದ. ಬಿಚ್ಚು.”

ಅವನು ಬಿಚ್ಚುತ್ತಿದ್ದ. ಎರಡನೇ ತಿಂಗಳು, ಅವಳಿಗೇ ಬೇಸರವಾಗಿ, ಗುಂಡಿಗೆ ಇಳಿಸಿದಳು.

ಕಾಲು ಒತ್ತಿದರೆ ಮಗ್ಗದ ನೆತ್ತಿಯ ಮೇಲಿನ ಪೆಟ್ಟಿಗೆಯಲ್ಲಿ ತೂತು ಕೊರೆದ ರಟ್ಟುಗಳು ಒಂದೊಂದಾಗಿ ತಿರುಗುತ್ತಿದ್ದವು. ಯಾವ ಎಳೆ ಏಳಬೇಕು, ಯಾವುದು ಮಲಗಬೇಕು ಎಂಬುದು ಆ ತೂತುಗಳ ಲೆಕ್ಕ. ಎದ್ದ ಎಳೆಗಳ ನಡುವೆ ಲಾಳಿ ಓಡಬೇಕು.

“ನೋಡು. ಹೂವಿನ ಜಾಗದಾಗ ಉದ್ದನ ಎಳಿ ಮ್ಯಾಲ ತೇಲಬೇಕು. ಬಯಲಿನ ಜಾಗದಾಗ ಅಡ್ಡ ಎಳಿ. ಬಣ್ಣ ಒಂದ, ಮಲಗೋ ದಿಕ್ಕು ಬ್ಯಾರೆ. ಬೆಳಕಿಗೆ ಅಷ್ಟ ತಿಳೀತದ, ಗುಮಾಸ್ತರಿಗೆ ತಿಳಿಯಂಗಿಲ್ಲ.”

ಅವನ ಮೊದಲ ಗೇಣು ಬಟ್ಟೆಯನ್ನು ಅವಳು ಎರಡು ಬೆರಳಿನಲ್ಲಿ ಎತ್ತಿ ಹಿಡಿದಳು. “ಹೂವೇನಿದು? ಎಮ್ಮಿ ತುಳಿದ ಗೋಬಿ.”

ಯಂಕಣ್ಣ ನಕ್ಕುಬಿಟ್ಟ. ಹೆಂಡತಿ ತೀರಿಕೊಂಡ ಆರು ವರ್ಷದಲ್ಲಿ ತಾನು ಹೀಗೆ ನಕ್ಕಿದ್ದು ಇದೇ ಮೊದಲು ಎಂದು ಅವನು ಹೇಳಲಿಲ್ಲ. ಬೈಸಿಕೊಂಡವನು ನಗುವುದೆಂದರೇನು ಎಂದು ಮೌನಮ್ಮನಿಗೆ ಮೈಯೆಲ್ಲ ಉರಿಯಿತು.

ಒಂದು ಬೆಳಿಗ್ಗೆ ಅವಳು ನೀರು ತರಲು ಹೋಗಿ ಬರುವಷ್ಟರಲ್ಲಿ ಅವನು ಮಾಳಿಗೆ ಹತ್ತಿದ್ದ. ಒಡೆದ ಬೆಳಕಿಂಡಿಗೆ ಹಳೆಯ ತಗಡು ಮುಚ್ಚಿತ್ತು. ಅದನ್ನು ಕಿತ್ತು ಹೊಸ ಗಾಜು ಕೂರಿಸಿದ್ದ.

“ನಿನಗ್ಯಾರು ಹೇಳಿದ್ರು?”

“ಯಾರೂ ಹೇಳಿಲ್ರಿ. ನೀವು ಬಲಗಣ್ಣು ಕಿರಿದು ಮಾಡಿ ನೇಯ್ತೀರಿ. ಸಂಜಿಗೆ ತಲಿ ಹಿಡಕೋತೀರಿ.”

ಬೆಳಕಿಂಡಿ ಒಡೆದ ನಾಲ್ಕು ವರ್ಷದಿಂದ ತನ್ನ ತಲೆನೋವನ್ನು ಒಬ್ಬರೂ ಗಮನಿಸಿರಲಿಲ್ಲ. ‘ಗುಮಾಸ್ತನ ಬುದ್ಧಿ, ಎಲ್ಲದರ ತಪಾಸಣೆ…’ ಎಂದು ಗೊಣಗಿ ಒಳಗೆ ಹೋದಳು.

ಹೊಸ ಬೆಳಕಿನಲ್ಲಿ ಅವನು ಬಟ್ಟೆಯ ಮೇಲೆ ಬಾಗಿ ಕೇಳಿದ. “ಎಡಗಡೆ ಎಲಿಗೆ ಏಳು ಹಲ್ಲು. ಬಲಗಡೆ ಎಲಿಗೆ ಆರು. ಯಾಕ್ರಿ?”

“ಅದು ನಮ್ಮಪ್ಪನ ಕೈಗುರುತು. ಈ ಹೂವು ಅವನ ತಲ್ಯಾಗ ಹುಟ್ಟಿದ್ದು. ಲೋಕದಾಗ ಬ್ಯಾರೆ ಎಲ್ಲೂ ಇಲ್ಲ,” ಎಂದಳು. ದನಿ ಮೆತ್ತಗಾಗಿದ್ದು ಅವಳಿಗೇ ಗೊತ್ತಾಗಲಿಲ್ಲ.

ಐದನೇ ತಿಂಗಳ ಹೊತ್ತಿಗೆ ಅವಳು ಐದೂವರೆಗೇ ಎದ್ದು ತಲೆ ಬಾಚಿಕೊಳ್ಳುತ್ತಿದ್ದಳು. ಸೈಕಲ್ ಗಂಟೆ ತಡವಾದರೆ ಬಾಗಿಲಿಗೆ ಬರುತ್ತಿದ್ದಳು. ‘ಥೂ… ಲಾಳಿ ನೆಟ್ಟಗೆ ಹೊಡೆಯಲು ಬಾರದವನಿಗಾಗಿ ಕಾಯುತ್ತಿದ್ದೀಯಲ್ಲೇ…’ ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು.

ಆಗ ಬಂತು ಕಲಬುರ್ಗಿಯ ಕೈಮಗ್ಗ ಪ್ರದರ್ಶನದ ಸುದ್ದಿ. ಸ್ವಂತ ವಿನ್ಯಾಸಕ್ಕೆ ಬಹುಮಾನ, ಗೋಡೆಯ ಮೇಲೆ ನೇಕಾರನ ಹೆಸರು. ಮೌನಮ್ಮ ನಲವತ್ತು ದಿನ ಬೇರೆ ಯಾವುದಕ್ಕೂ ಕೈ ಹಚ್ಚಲಿಲ್ಲ. ಅರ್ಜಿಯನ್ನು ಯಂಕಣ್ಣನೇ ಮುತ್ತಿನಂಥ ಅಕ್ಷರದಲ್ಲಿ ಬರೆದ. ‘ವಿನ್ಯಾಸ: ದಿವಂಗತ ಗೊಲ್ಲಾಳಪ್ಪ, ರಂಗಂಪೇಟೆ.’ ಅದನ್ನು ಓದಿಸಿ ಕೇಳಿ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವನ ಮುಂದೆ ಅತ್ತದ್ದು ಅದೇ ಮೊದಲ ಸಲ.

ಪ್ರದರ್ಶನ ಮುಗಿಯಿತು. ಬಹುಮಾನದ ಪಟ್ಟಿ ಬಂತು. ಗೊಲ್ಲಾಳಪ್ಪನ ಹೆಸರು ಎಲ್ಲೂ ಇರಲಿಲ್ಲ. ಪ್ರದರ್ಶನಕ್ಕೆ ಬಂದ ಬಟ್ಟೆಗಳ ಪಟ್ಟಿಯಲ್ಲಿಯೂ ಇರಲಿಲ್ಲ.

ಅವಳು ಸೊಸೈಟಿಗೆ ನಡೆದಳು. ಕಾರ್ಯದರ್ಶಿ ಯಂಕಣ್ಣನ ಕೈಯಿಂದಲೇ ಅವನ ಕಪಾಟು ತೆಗೆಸಿದ. ಒಳಗೆ, ಹಾಳೆಯಲ್ಲಿ ಜೋಪಾನವಾಗಿ ಸುತ್ತಿದ ಅವಳ ಬಟ್ಟೆ ಇತ್ತು. ಅರ್ಜಿಯೂ ಅಲ್ಲೇ ಇತ್ತು.

“ಕಳಸೋದು ಮರತಿಯೇನು?” ಎಂದು ಕೇಳಿದಳು. ಮರೆತಿದ್ದೇನೆ ಎನ್ನಲಿ ಎಂದು ಒಳಗೊಳಗೇ ಬೇಡಿಕೊಂಡಳು.

“ಇಲ್ರಿ,” ಎಂದ ಯಂಕಣ್ಣ. “ಬೇಕಂತ ಕಳಿಸ್ಲಿಲ್ಲ.”

“ಯಾಕ?”

ಅವನು ನೆಲ ನೋಡಿದ.

“ನಾ ಹೇಳ್ತೀನಿ ಕೇಳು,” ಎಂದಳು ಮೌನಮ್ಮ. ಅಂದಿನಂತೆಯೇ ಜನ ನಿಂತಿದ್ದರು. “ಕೂಲಿಗೆ ಹೋದವ್ರನ್ನ ನಾ ಹಗಲೆಲ್ಲ ಬೈತಿದ್ದೆ. ಅವ್ರು ನಿನಗಿಂತ ಸಾವಿರ ಪಾಲು ಛಲೋ. ಹೇಳಿ ಹೋದ್ರು. ನೀ ನನ್ನ ಗುಂಡ್ಯಾಗ ಕುಂತು, ನನ್ನ ಕೈಲೆ ಕಲ್ತು, ನಮ್ಮಪ್ಪನ ಹೆಸರು ಕಪಾಟದಾಗ ಹುಗದಿ. ಒಬ್ಬ ಹೆಣ್ಣಮಗಳು ಮ್ಯಾಲ ಬರೋದು ನಿನ್ನ ಕಣ್ಣಿಗೆ ಚುಚ್ಚಿತು. ನನ್ನ ಹೊಸ್ತಿಲ ತುಳೀಬ್ಯಾಡ ಇನ್ನ.”

“ಆತ್ರಿ,” ಎಂದ ಅವನು. ಅಷ್ಟೇ.

ವಾರದೊಳಗೆ ಕೇಳಿಕೊಂಡು ಕೊಡೇಕಲ್ಲಿನ ಶಾಖೆಗೆ ವರ್ಗ ಮಾಡಿಸಿಕೊಂಡು ಹೋದ.

ಗೆದ್ದೆನೆಂದು ಮೌನಮ್ಮ ಮಗ್ಗಕ್ಕೆ ಕುಳಿತಳು. ಬೆಳಿಗ್ಗೆ ಆರಾದರೆ ಕಾಲು ತಾನಾಗಿಯೇ ನಿಲ್ಲುತ್ತಿತ್ತು. ಬಾಯ್ತುಂಬ ಬೈಗುಳವಿತ್ತು, ಕೇಳುವವರಿರಲಿಲ್ಲ. ಬೆಳಕಿಂಡಿಯಿಂದ ಬೆಳಕು ಮಾತ್ರ ಧಾರಾಳವಾಗಿ ಬೀಳುತ್ತಿತ್ತು. ಅದನ್ನು ಕಂಡರೂ ಸಿಟ್ಟು ಬರುತ್ತಿತ್ತು.

ಶಹಾಪುರದ ಮಗಳ ಮನೆಗೆ ಬಾಣಂತನಕ್ಕೆ ಹೋಗಿದ್ದ ಖುರ್ಷೀದಬೇಗಂ ತಿಂಗಳ ಮೇಲೆ ಮರಳಿದಳು. ನಡೆದದ್ದನ್ನು ಮೌನಮ್ಮ ಹೇಳುತ್ತಿದ್ದಂತೆ ಮುದುಕಿಯ ಮುಖ ಬಿಳಿಚಿಕೊಂಡಿತು. ಎದ್ದು ಮನೆಗೆ ಹೋಗಿ ಟ್ರಂಕಿನಿಂದ ಹಳೆಯದೊಂದು ದಿಂಬಿನ ಚೀಲ ತಂದು ಅವಳ ತೊಡೆಯ ಮೇಲಿಟ್ಟಳು.

ಬಿಳಿಯ ಮೇಲೆ ಬಿಳಿ ಹೂವು. ಮೂಲೆಯಲ್ಲಿ ಸೊಲ್ಲಾಪುರದ ಯಾವುದೋ ಮಿಲ್ಲಿನ ಮುದ್ರೆ.

ಮೌನಮ್ಮ ಎಲೆಯ ಹಲ್ಲು ಎಣಿಸಿದಳು. ಎಡಕ್ಕೆ ಏಳು. ಬಲಕ್ಕೆ ಆರು.

“ನಿಮ್ಮಪ್ಪ, ನಮ್ಮ ಮನಿಯವ್ರು ಕೂಡೇ ಆ ಮಿಲ್ಲಿಗೆ ಹೋಗಿದ್ರು,” ಎಂದಳು ಖುರ್ಷೀದಬೇಗಂ. “ಕಸ ಹೊಡಿಯೋ ನೌಕರಿ. ಮಷೀನ್ ಮುಟ್ಟಂಗಿರ್ಲಿಲ್ಲ. ನಿಮ್ಮಪ್ಪ ಕಸಬರಿಗಿ ಹಿಡಕೊಂಡು ನಿಂತು ಹೂವು ನೋಡ್ತಿದ್ದ. ದಿನಕ್ಕ ಐದು ಸಾಲು ಬಾಯಿಪಾಠ ಮಾಡ್ಕೊಂಡು ಬಂದು ಖೋಲ್ಯಾಗ ಬರಕೋತಿದ್ದ. ಮೂರು ವರ್ಷ ಬೇಟಿ, ಮೂರು ವರ್ಷ.”

“ಅಂದ್ರ… ಅಪ್ಪ ಕದ್ದಾನ.”

“ಕದ್ದಾನೋ ಕಲ್ತಾನೋ, ಅಲ್ಲಾಗ ಗೊತ್ತು. ಅರ್ಜಿ ಬರೆದ ಮ್ಯಾಲ ಯಂಕಣ್ಣ ಸೊಸೈಟಿಯ ಹಳೇ ಮಾದರಿ ಪುಸ್ತಕದಾಗ ಈ ಮಿಲ್ಲಿನ ತುಂಡು ನೋಡಿ ನನ್ನ ಹತ್ರ ಬಂದಿದ್ದ. ನಿಜ ಹೇಳ್ದೆ. ಪ್ರದರ್ಶನಕ್ಕ ಸೊಲ್ಲಾಪುರದ ಪರೀಕ್ಷಕರು ಬರ್ತಾರ, ಸತ್ತವ್ರ ಹೆಸರು ಎಲ್ಲಾರ ಮುಂದ ಹಾಳಾಗ್ತದ, ಮೌನಮ್ಮನೋರಿಗೆ ಮಾತ್ರ ಹೇಳಬ್ಯಾಡ್ರಿ ಅಂತ ಆಣಿ ಹಾಕಿಸ್ಕೊಂಡ. ಬೈದ್ರ ನನ್ನ ಬೈಲಿ ಅಂದಿದ್ದ.”

ಮೌನಮ್ಮ ಅಳಲಿಲ್ಲ. ಮೊದಲು ಅಪ್ಪನ ಮೇಲೆ ಹೇಸಿಗೆ ಬಂತು. ಆಮೇಲೆ ಕಸಬರಿಗೆ ಹಿಡಿದು ನಿಂತ ಹರೆಯದ ಅಪ್ಪ ಕಣ್ಣಿಗೆ ಕಟ್ಟಿದ, ಹೇಸಿಗೆ ನಿಲ್ಲಲಿಲ್ಲ. ಉಳಿದದ್ದು ತನ್ನ ಮೇಲಿನದು. ಅಷ್ಟು ಜನರ ಮುಂದೆ, ತಲೆ ತಗ್ಗಿಸಿ ನಿಂತವನಿಗೆ ತಾನಾಡಿದ ಒಂದೊಂದು ಮಾತೂ ತಿರುಗಿ ಬಂದು ತನ್ನ ಮುಖಕ್ಕೇ ಬಡಿಯಿತು.

ಮರುದಿನ ಬೆಳಗಿನ ಬಸ್ಸು ಹಿಡಿದಳು. ಕಾಲುವೆ ತುಂಬಿ ಹರಿಯುತ್ತಿತ್ತು. ಗದ್ದೆಯಲ್ಲಿ ಓಣಿಯ ಗಂಡಸರು, ಹೆಂಗಸರು ಸಾಲಾಗಿ ಬಾಗಿ ಭತ್ತ ಹಚ್ಚುತ್ತಿದ್ದರು. ಯಾರೋ ಅವಳನ್ನು ಗುರುತಿಸಿ ಕೆಸರುಗೈ ಎತ್ತಿದರು. ಅವಳೂ ಕೈ ಎತ್ತಿದಳು.

ಕೊಡೇಕಲ್ಲಿನ ಶಾಖೆಯೆಂದರೆ ಒಂದು ಕೋಣೆ, ಒಂದು ಪಾಳುಬಿದ್ದ ಮಗ್ಗ. ಆ ಮಗ್ಗದಲ್ಲಿ ಯಂಕಣ್ಣ ಕುಳಿತಿದ್ದ. ಸಾದಾ ಬಿಳಿ ಬಟ್ಟೆ ನೇಯುತ್ತಿದ್ದ. ಅವಳು ಬಾಗಿಲಲ್ಲಿ ನಿಂತು ನೋಡಿದಳು. ಲಾಳಿ ನೆಟ್ಟಗೆ ಓಡುತ್ತಿತ್ತು. ತನ್ನ ಕೈಯ ವರಸೆಯೇ ಅದು.

ಅವನು ತಲೆ ಎತ್ತಿದ. ಲಾಳಿ ಕೈಯಲ್ಲೇ ಉಳಿಯಿತು.

“ಖುರ್ಷೀದಮ್ಮ ಎಲ್ಲಾ ಹೇಳಿದ್ಳು,” ಎಂದಳು ಮೌನಮ್ಮ. “ನನ್ನ ಮುಂದ ಯಾಕ ಹೇಳ್ಲಿಲ್ರಿ?”

‘ರೀ’ ಕೇಳಿ ಅವನು ತುಸು ಬೆಚ್ಚಿದ.

“ಹೇಳಿದ್ರ ನಿಮ್ಮಪ್ಪನ್ನ ಬೈತಿದ್ರಿ. ಅವ್ರು ಸತ್ತಾರ, ತಿರುಗಿ ಮಾತಾಡಾಕ ಆಗಂಗಿಲ್ಲ. ನನಗ ಬೈಸಿಕೊಂಡು ರೂಢಿ ಅದ.”

“ನಾ ಬಾಳ ಕೆಟ್ಟ ಮಾತು ಆಡೀನಿ.”

“ಹೂಂ. ಆಡೀರಿ.”

“ನಿಮಗ ಸಿಟ್ಟು ಬರ್ಲಿಲ್ಲೇನು?”

“ಬಂತು. ಅದಕ್ಕ ಇಲ್ಲಿಗೆ ಬಂದೆ. ಇಲ್ಲಿ ಬಂದ ಮ್ಯಾಲ ಆರು ಗಂಟೆಗೆ ಎಲ್ಲಿ ಹೋಗಬೇಕು ತಿಳೀಲಿಲ್ಲ. ಈ ಮಗ್ಗ ಒರಸಿ ಕುಂತೆ.”

ಮೌನಮ್ಮ ಒಳಗೆ ಬಂದಳು. ಮಗ್ಗದ ಅಂಚಿನಲ್ಲಿ, ಗುಂಡಿಯ ಪಕ್ಕದ ನೆಲದ ಮೇಲೆ ಕುಳಿತಳು. ಶಿಷ್ಯರು ಕೂರುವ ಜಾಗ ಅದು.

“ಅಪ್ಪನ ಹೂವು ಬಿಟ್ರ ನನಗ ಬ್ಯಾರೆ ಹೂವು ಬರಂಗಿಲ್ಲ. ನನ್ನದು ಅಂತ ಒಂದು ಎಲಿನೂ ಇಲ್ಲ,” ಎಂದಳು. ತನಗೆ ಬರುವುದಿಲ್ಲ ಎಂದು ಅವಳು ಒಬ್ಬರ ಮುಂದೆ ಹೇಳಿದ್ದು ಜೀವನದಲ್ಲಿ ಅದೇ ಮೊದಲು. “ಹೊಸಾದು ಬರೀಬೇಕು. ಒಬ್ಬಾಕಿಗೆ ಆಗಂಗಿಲ್ಲ… ನೀವು ಬರ್ರಿ. ಬರೀ ಬೆಳಿಗ್ಗಿ ಮೂರು ತಾಸಿಗೆ ಅಲ್ಲ.”

ಯಂಕಣ್ಣ ಅವಳನ್ನೇ ನೋಡಿದ. “ಹಂಗಂದ್ರ ಏನ್ ತಿಳ್ಕೊಳ್ಲಿ?”

“ಬಿ.ಎ. ಮಾಡೀರಿ. ಅಷ್ಟೂ ತಿಳಿಯಂಗಿಲ್ಲೇನು?”

“ನಿಮ್ಮ ಓಣ್ಯಾಗಿನವ್ರು ಒಪ್ತಾರೇನ್ರಿ? ನಾ ನಿಮ್ಮ ಜಾತಿಯವ ಅಲ್ಲ.”

“ಅವ್ರು ಮಗ್ಗ ಬಿಡೋ ಮುಂದ ನನ್ನ ಕೇಳ್ಯಾರೇನು?”

ಅವನು ಗುಂಡಿಯಿಂದ ಮೇಲೆ ಬಂದು ಅವಳ ಪಕ್ಕದಲ್ಲಿ ಕುಳಿತ. ಅವಳ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡ. ಅವನ ಬೆರಳ ತುದಿಗಳು ಈಗ ದಡ್ಡುಗಟ್ಟಿದ್ದವು. ಅವಳು ಕೈ ಬಿಡಿಸಿಕೊಳ್ಳಲಿಲ್ಲ.

“ಒಂದು ಮಾತು ಕೇಳ್ತೀನಿ,” ಎಂದ. “ನನ್ನ ಕಂಡ್ರ ನಿಮಗ ಇನ್ನೂ ತಾತ್ಸಾರ ಅದ ಏನ್ರಿ?”

“ಅದ,” ಎಂದಳು ಮೌನಮ್ಮ, ಕಣ್ಣು ತುಂಬಿಕೊಂಡು. “ಒಂಚೂರು ಇರ್ಲಿ ಬಿಡ್ರಿ. ಪೂರಾ ಹೋದ್ರ ನಿಮ್ಮ ಜೋಡಿ ಹ್ಯಾಂಗ ಮಾತಾಡಬೇಕು ನನಗ ತಿಳಿಯಂಗಿಲ್ಲ.”

“ಹಂಗಾರ ಜೀವ ಇರೋತನ ಬೈರಿ.”

“ನೀವು ಜೀವ ಇರೋತನ ತಪ್ಪು ಮಾಡ್ರಿ.”