ಅವಳು ‘ಬೇಡ’ ಅಂದ ದಿನ

“ಕೊನೇ ಸಾಲು ಓದಿ.”

“ಗ... ದ... ವ... ರ... ಸ.”

ಒಂದೂ ತಪ್ಪಿಲ್ಲ. ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು, ನೆಟ್ಟಗೆ ಕೂತು, ಮಗ್ಗಿ ಒಪ್ಪಿಸುವ ಹಾಗೆ ಒಪ್ಪಿಸಿದಳು ಹುಡುಗಿ.

ಕನ್ನಡಕದ ಅಂಗಡಿಯ ಹಿಂದಿನ ಆ ಮಬ್ಬು ಕೋಣೆಯಲ್ಲಿ, ಕಣ್ಣು ಪರೀಕ್ಷಿಸುತ್ತಿದ್ದ ಅವನು ಗೋಡೆಯ ಮೇಲಿನ ಪಟದ ಕಡೆ ಒಮ್ಮೆ ತಿರುಗಿ ನೋಡಿದ. ಆಮೇಲೆ ಮೆಲ್ಲಗೆ ಹೇಳಿದ.

“ಮೇಡಂ, ಆ ಸಾಲು ತೆಗೆದು ಎರಡು ನಿಮಿಷ ಆಯ್ತು. ಈಗ ಅಲ್ಲಿರೋದು ಬರೀ ಅಂಕಿ.”

ಅವಳ ಅಂಗೈ ತಾನಾಗಿ ಕೆಳಗಿಳಿಯಿತು. ಕಿವಿಯ ತುದಿಯವರೆಗೂ ಕೆಂಪಾದಳು. ಹೊರಗೆ ಬೆಂಚಿನ ಮೇಲೆ ಕೂತಿದ್ದಾಗ ತನಗಿಂತ ಮುಂಚಿನ ಮೂರು ಜನ ಓದಿದ್ದನ್ನು ಕೇಳಿ ಬಾಯಿಪಾಠ ಮಾಡಿಕೊಂಡಿದ್ದಳು ಪುಣ್ಯಾತ್ಗಿತ್ತಿ.

“ಬೇಕರಿ ವ್ಯಾನ್ ಓಡಿಸೋ ಕೆಲಸ ಸಿಕ್ಕಿದೆ ಸರ್. ಕಣ್ಣು ಸರಿಯಿದೆ ಅಂತ ಚೀಟಿ ತಂದ್ರೆ ಕೀ ಕೊಡ್ತಾರಂತೆ. ಕನ್ನಡಕ ಹಾಕ್ಕೊಂಡ್ರೆ ನಮ್ಮ ಚಿಕ್ಕಮ್ಮ ಸೋಡಾಬುಡ್ಡಿ ಅಂತಾರೆ... ಅದಕ್ಕೇ...”

“ಚಿಕ್ಕಮ್ಮಂಗೆ ಬೇಜಾರಾಗ್ಬಾರ್ದು ಅಂತ ಬಸ್ಸಿಗೆ ಹೋಗಿ ಗುದ್ತೀರಾ?”

ಅಳುವ ಹೊತ್ತಿನಲ್ಲಿ ಅವಳಿಗೆ ನಗು ಬಂತು. ಅವನ ಕಥೆ ಅಲ್ಲಿಗೇ ಮುಗಿಯಿತು. ದಿನಕ್ಕೆ ನಲವತ್ತು ಜೊತೆ ಕಣ್ಣು ನೋಡುವವನು, ಆ ಒಂದು ಜೊತೆ ಕಣ್ಣಿಗೆ ಬಿದ್ದುಹೋದ.

ಕನ್ನಡಕ ಆಯಿತು, ಚೀಟಿಯೂ ಸಿಕ್ಕಿತು, ವ್ಯಾನಿನ ಕೀಲಿಯೂ ಬಂತು. ಆಮೇಲೆ ವಾರಕ್ಕೊಂದು ಸಲ ಅವಳು ಅಂಗಡಿಗೆ ಬಂದು, ಕನ್ನಡಕದ ಕಾಲು ಸಡಿಲವಾಗಿದೆ ಅನ್ನುತ್ತಿದ್ದಳು. ಅದು ಯಾವ ವಾರವೂ ಸಡಿಲವಾಗಿರಲಿಲ್ಲ. ಅವನೂ ಬಿಗಿ ಮಾಡಿದ ಹಾಗೆ ನಟಿಸಿ ಕೊಡುತ್ತಿದ್ದ.

ಎಲ್ಲಾ ಚೆನ್ನಾಗಿಯೇ ಇತ್ತು. ಆದರೆ ಒಂದು ಮುಳ್ಳು ಅವನ ಎದೆಯಲ್ಲಿ ಉಳಿದುಬಿಟ್ಟಿತು.

ಅವಳಿಗೆ ‘ಇಲ್ಲ’ ಅನ್ನಲು ಬರುತ್ತಿರಲಿಲ್ಲ. ಅಮ್ಮ ತೀರಿಕೊಂಡ ಮೇಲೆ ಚಿಕ್ಕಮ್ಮನ ಮನೆಯಲ್ಲಿ ಬೆಳೆದವಳು. ಸಾಕಿದವರಿಗೆ ಎದುರು ಹೇಳಬಾರದೆಂದು ಏಳನೇ ವಯಸ್ಸಿನಲ್ಲಿ ತನಗೆ ತಾನೇ ತೀರ್ಮಾನ ಮಾಡಿಕೊಂಡವಳು. ಹಸಿವಾಗಿದೆಯಾ ಅಂದರೂ ಹೂಂ, ಹೊಟ್ಟೆ ತುಂಬಿತಾ ಅಂದರೂ ಹೂಂ. ಒಂದು ಭಾನುವಾರ ಅವನು ಸಿನಿಮಾಕ್ಕೆ ಕರೆದ, ಹೂಂ ಅಂದಳು. ಅದನ್ನು ಅವಳು ಆಗಲೇ ಎರಡು ಸಲ ನೋಡಿದ್ದಳೆಂದು ತಿಳಿದದ್ದು ಮಧ್ಯಂತರದಲ್ಲಿ!

ಇನ್ನು ಮದುವೆಯ ಮಾತು. ಒಂದು ಸಂಜೆ ಅಂಗಡಿಯ ಬಾಗಿಲು ಎಳೆಯುತ್ತಾ, ಬೆವರುತ್ತಾ, “ನಾವಿಬ್ಬರೂ ಮದುವೆ...” ಅನ್ನುವಷ್ಟರಲ್ಲಿ ಅವಳು ಹೂಂ ಅಂದುಬಿಟ್ಟಳು. ಮಾತು ಪೂರ್ತಿಯಾಗುವ ಮೊದಲೇ.

ಅವತ್ತು ರಾತ್ರಿ ಅವನು ಕುಣಿದಾಡಿದ. ಬೆಳಿಗ್ಗೆ ಎದ್ದಾಗ ಮಾತ್ರ ಒಂದು ಯೋಚನೆ ಬಂತು... ಕಾಣಿಸದಿದ್ದರೂ ಓದಿ ಒಪ್ಪಿಸಿದವಳು ಇವಳು. ಇದೂ ಹಾಗೇ ಆಗಿದ್ದರೆ?

* * *

ಮದುವೆಯ ದಿನ. ನೋಂದಣಿ ಕಚೇರಿಯ ಉದ್ದನೆಯ ಹಜಾರ. ಮದುಮಗ ಒಂದೂವರೆ ಗಂಟೆ ಮೊದಲೇ ಬಂದು ಕೂತಿದ್ದ. ಭುಜದ ಹತ್ತಿರ ಬಿಗಿಯಾಗಿದ್ದ ನೀಲಿ ಕೋಟು, ತಲೆಯ ಮೇಲೆ ಕಿರುಗುಟ್ಟುವ ಫ್ಯಾನು, ಪಕ್ಕದಲ್ಲಿ ಸಾಕ್ಷಿ ಹಾಕಲು ಬಂದ ಅಕ್ಕನ ಗಂಡ.

“ಯಾಕೋ ಡಾಕ್ಟ್ರೇ, ಇಂಗು ತಿಂದ ಮಂಗನ ಥರ ಕೂತಿದ್ದೀಯಾ?” ಅಂದ ಭಾವ. ಅವನು ಡಾಕ್ಟರಲ್ಲ, ಕನ್ನಡಕದ ಅಂಗಡಿಯಲ್ಲಿ ಕಣ್ಣು ನೋಡುವವನು. ಮನೆಯಲ್ಲಿ ಎಲ್ಲರೂ ಕರೆಯುವುದು ಹಾಗೆ.

“ಏನಿಲ್ಲ ಭಾವ. ಅವಳು ಬರ್ತಾಳಲ್ಲ?”

“ಬರದೇ ಎಲ್ಲಿಗೆ ಹೋಗ್ತಾಳೆ? ವ್ಯಾನೂ ಅವಳ ಹತ್ರಾನೇ ಇದೆ.”

ಅವಳು ಬಂದಳು. ಚಿಕ್ಕಮ್ಮನ ತೋಳು ಹಿಡಿದುಕೊಂಡು, ಹಸಿರು ಸೀರೆಯಲ್ಲಿ, ನಿಧಾನವಾಗಿ ಮೆಟ್ಟಿಲು ಹತ್ತಿ ಬಂದಳು. ಅವನು ಎದ್ದು ನಿಂತ.

ಅವಳು ನೇರವಾಗಿ ಅವನನ್ನು ದಾಟಿ ಹೋಗಿ, ನೀಲಿ ಕೋಟೇ ಹಾಕಿದ್ದ ಭಾವನನ್ನು ನೋಡಿ ನಾಚಿ ನಕ್ಕಳು.

ಭಾವ ಗಾಬರಿಯಾಗಿ ಕೈ ಮುಗಿದ. ಬೇರೆ ದಿನವಾಗಿದ್ದರೆ ಮದುಮಗ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಅವಳ ಮುಖದ ಮೇಲೆ ಕನ್ನಡಕ ಇರಲಿಲ್ಲ. ಅವಳ ನಂಬರು ಅವನಿಗೆ ಬಾಯಿಗೇ ಬರುತ್ತದೆ. ಮೈನಸ್ ಆರು. ಮೂರು ಹೆಜ್ಜೆ ಆಚೆ ಮನುಷ್ಯರೂ ಒಂದೇ, ಬೀರುವೂ ಒಂದೇ. ಗುರುತು ಸಿಗದಿದ್ದುದಕ್ಕೆ ಅವನಿಗೆ ನೋವಾಗಲಿಲ್ಲ.

‘ಫೋಟೋದಲ್ಲಿ ಚೆನ್ನಾಗಿರಲ್ಲ, ತೆಗೆದಿಡು ಅಂತ ಚಿಕ್ಕಮ್ಮ ಅಂದಿರ್ತಾರೆ. ಇವಳು ಹೂಂ ಅಂದಿರ್ತಾಳೆ. ತನ್ನ ಮದುವೆಯನ್ನೇ ನೋಡದೆ ಇರೋಕೂ ಹೂಂ ಅಂದವಳು... ನನಗೆ ಅಂದದ್ದು ಮಾತ್ರ ನಿಜಾನಾ?’

ಒಳಗಿನಿಂದ ಕರೆ ಬಂತು. ದೊಡ್ಡ ಮೇಜು, ದಪ್ಪ ಪುಸ್ತಕ, ಅದರ ಹಿಂದೆ ಬೆಳಗಿನಿಂದ ಎಂಟು ಮದುವೆ ಮುಗಿಸಿ ದಣಿದ ಅಧಿಕಾರಿ ಮೇಡಂ.

“ಇಬ್ಬರೂ ಸ್ವಂತ ಇಷ್ಟದಿಂದ...”

“ಹೂಂ,” ಅಂದಳು ಅವಳು. ಪ್ರಶ್ನೆ ಮುಗಿಯುವ ಮೊದಲೇ. ಅದೇ ಅವಸರ, ಅದೇ ದನಿ.

ಅವನ ಕೈಯಲ್ಲಿದ್ದ ಪೆನ್ನು ನಿಂತಿತು. ಸಹಿ ಹಾಕಿದರೆ ಅವಳು ಜೀವನಪೂರ್ತಿ ತನ್ನವಳು, ಕೇಳಿದರೆ ಈಗಲೇ ಕಳೆದುಕೊಳ್ಳಬಹುದು. ಪೆನ್ನನ್ನು ಮೆಲ್ಲಗೆ ಮೇಜಿನ ಮೇಲಿಟ್ಟ.

“ಮೇಡಂ, ಹತ್ತು ನಿಮಿಷ ಕೊಡಿ. ನಾವಿಬ್ಬರೂ ಮಾತಾಡ್ಬೇಕು.”

“ಒಂದು ಗಂಟೆಗೆ ಊಟಕ್ಕೆ ಏಳ್ತೀನಪ್ಪ. ಆಮೇಲೆ ಬೇರೆಯವರ ಸರದಿ. ತಪ್ಪಿದ್ರೆ ನಿಮಗೆ ಮುಂದಿನ ತಿಂಗಳೇ.”

ಗೋಡೆಯ ಮೇಲೆ ಗಡಿಯಾರ ಹನ್ನೆರಡೂ ನಲವತ್ತು ತೋರಿಸುತ್ತಿತ್ತು. ಚಿಕ್ಕಮ್ಮನ ಮುಖ ಬಿಳಿಚಿಕೊಂಡಿತು.

ಮದುಮಗಳು ಅವನ ಕಡೆ ತಿರುಗಿದಳು. ಅವನ ಮುಖ ಕಾಣದು. ಎದುರಿಗಿರುವುದು ನೀಲಿಯ ಒಂದು ಮಸುಕು ಮಾತ್ರ. ‘ಕೊನೇ ಗಳಿಗೆಯಲ್ಲಿ ಇವರ ಮನಸ್ಸು ಬದಲಾಯ್ತಾ... ನಾನು ಏನು ತಪ್ಪು ಮಾಡ್ದೆ?’

* * *

ಪಕ್ಕದ ಕೋಣೆಯಲ್ಲಿ ಹಳೆಯ ಕಡತಗಳು ಸೊಂಟದೆತ್ತರಕ್ಕೆ ಬಿದ್ದಿದ್ದವು. ಅವನು ಬಾಗಿಲು ಹಾಕಿದ.

“ನಿಜ ಹೇಳು. ಈ ಮದುವೆ ನಿನಗೆ ಬೇಕಾ? ಬೇಡ ಅಂದ್ರೆ ನಾನೇ ಹೊರಗೆ ಹೋಗಿ, ನನಗೇ ಇಷ್ಟ ಇಲ್ಲ ಅಂತೀನಿ. ನಿನ್ನ ಮೇಲೆ ಒಂದು ಮಾತೂ ಬರದ ಹಾಗೆ ನೋಡ್ಕೋತೀನಿ.”

“ಯಾಕೆ ಹೀಗೆ ಕೇಳ್ತಿದ್ದೀರಾ?”

“ನಿನ್ನ ಕನ್ನಡಕ ಎಲ್ಲಿ?”

ಅವಳು ಕೈಚೀಲದಿಂದ ಒಂದು ಕರವಸ್ತ್ರ ತೆಗೆದು, ಗಂಟು ಬಿಚ್ಚಿ ಅವನ ಮುಂದೆ ಹಿಡಿದಳು. ಕನ್ನಡಕ ಮೂಗಿನ ಹತ್ತಿರ ಮುರಿದು ಎರಡು ತುಂಡಾಗಿತ್ತು.

“ಬೆಳಿಗ್ಗೆ ಚಿಕ್ಕಮ್ಮ ತೆಗೆದಿಡು ಅಂದ್ರು. ಬೇಡ ಅಂದೆ.”

“ಏನಂದೆ?”

“ಬೇಡ ಅಂದೆ. ಮೂರು ಸಲ ಅಂದೆ. ಇವತ್ತು ನಿಮ್ಮ ಮುಖ ನಾನು ಸರಿಯಾಗಿ ನೋಡ್ಬೇಕು, ಯಾರು ಏನಂದ್ರೂ ತೆಗೆಯಲ್ಲ ಅಂದೆ. ಚಿಕ್ಕಮ್ಮ ಎಳೆದ್ರು. ನಾನೂ ಬಿಡಲಿಲ್ಲ...”

ಅವನು ಕಡತಗಳ ಕಟ್ಟಿನ ಮೇಲೆ ಕುಸಿದು ಕೂತ. ಎದೆಯ ಮೇಲಿದ್ದ ಕಲ್ಲನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟ ಹಾಗಾಯಿತು. ತಿಂಗಳುಗಳ ಭಯ ಒಂದೇ ಉಸಿರಿನಲ್ಲಿ ಹೊರಗೆ ಹೋಯಿತು. ಮುರಿದ ಕನ್ನಡಕ ನೋಡಿ ಇಷ್ಟು ಸಂತೋಷಪಟ್ಟ ಕನ್ನಡಕದವನು ಇನ್ನೊಬ್ಬ ಇರಲಾರ.

“ನನಗೊಂದು ಫೋನ್ ಮಾಡೋಕೇನಾಗಿತ್ತು?”

“ಮಾಡಿದ್ರೆ ಕೋಟು ಬಿಚ್ಚಿಟ್ಟು ಅಂಗಡಿಗೆ ಓಡ್ತಿದ್ರಿ. ಮದುವೆಗೆ ಗಂಡೇ ಇರ್ತಿರಲಿಲ್ಲ.”

ಅದಂತೂ ನಿಜ. ಅವನು ತಲೆ ತಗ್ಗಿಸಿದ.

“ಆದ್ರೆ ಅವತ್ತು ನಾನು ಕೇಳಿ ಮುಗಿಸೋಕೆ ಮುಂಚೇನೇ ಹೂಂ ಅಂದೆಯಲ್ಲ...”

“ನಾಲ್ಕು ತಿಂಗಳಿಂದ ಕಾಯ್ತಿದ್ದೆ. ನೀವು ತಡವರಿಸಿ ತಡವರಿಸಿ ಮುಗಿಸೋವರೆಗೂ ಯಾರಿಗಿರುತ್ತೆ ತಾಳ್ಮೆ?”

“ಆ ಸಿನಿಮಾ?”

“ಮೂರನೇ ಸಲ ಪಕ್ಕದಲ್ಲಿ ನೀವಿದ್ರಲ್ಲ.” ಅವಳ ಕಣ್ಣಿಂದ ನೀರಿಳಿಯಿತು. “ಎಲ್ಲರಿಗೂ ಸುಳ್ಳು ಹೂಂ ಅಂದಿದ್ದೀನಿ, ಒಪ್ಕೋತೀನಿ. ನಿಮಗೆ ಮಾತ್ರ ಮೊದಲನೇ ದಿನವೇ ಸಿಕ್ಕಿಬಿದ್ದೆ. ಅದಾದ ಮೇಲೆ ನಿಮ್ಮ ಹತ್ರ ಸುಳ್ಳು ಹೇಳೋ ಅಗತ್ಯಾನೇ ಬರಲಿಲ್ಲ. ನನ್ನ ಜೀವನದಲ್ಲಿ ನಾನು ಆರಾಮಾಗಿ ಉಸಿರಾಡೋದು ನಿಮ್ಮ ಹತ್ರ ಮಾತ್ರ... ಗೊತ್ತಾಗಲಿಲ್ವಾ ನಿಮಗೆ?”

ಅವನು ಆ ಎರಡು ತುಂಡನ್ನೂ ಕರವಸ್ತ್ರದಲ್ಲಿ ಸುತ್ತಿ ಜೇಬಿಗಿಟ್ಟ.

“ಹತ್ತಿರ ಬನ್ನಿ,” ಅಂದಳು. “ಬೆಳಿಗ್ಗೆಯಿಂದ ನಿಮ್ಮ ಮುಖಾನೇ ನೋಡಿಲ್ಲ.”

ಅವನು ಎದ್ದು ಬಂದ. ಇನ್ನೂ ಹತ್ತಿರ ಅಂದಳು. ಗೇಣಳತೆಗೆ ಬಂದಾಗ ಮಸುಕು ಸರಿದು ಹುಬ್ಬು, ಮೂಗು, ಒದ್ದೆಯಾದ ರೆಪ್ಪೆ, ಎಲ್ಲವೂ ಅವಳಿಗೆ ಕಂಡವು.

“ಅಳ್ತಿದ್ದೀರಾ?”

“ಇಲ್ಲ. ಧೂಳು. ಹಳೇ ಕಡತ ನೋಡು.”

“ಸುಳ್ಳು ಹೇಳ್ಬೇಡಿ.”

“ಹೂಂ, ಅಳ್ತಿದ್ದೀನಿ. ಪ್ರೀತಿ ಜಾಸ್ತಿಯಾಗಿ ಅಳ್ತಿದ್ದೀನಿ. ಸಾಕಾ?”

ಬಾಗಿಲು ತೆರೆದಾಗ ಚಿಕ್ಕಮ್ಮ ಹೊರಗೇ ನಿಂತಿದ್ದರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು. “ನಾನು ಎಳೀಬಾರದಿತ್ತು ಕಣಪ್ಪ,” ಅಂದರು, ಅವನ ಮುಖ ನೋಡದೆ. “ಇವಳು ಎದುರು ಮಾತಾಡಿದ್ದು ಇದೇ ಮೊದಲು. ನನಗೆ ಏನು ಮಾಡ್ಬೇಕು ಅಂತಾನೇ ತೋಚಲಿಲ್ಲ.”

“ಪರವಾಗಿಲ್ಲ ಚಿಕ್ಕಮ್ಮ. ಇನ್ಮೇಲೆ ನನಗೂ ಅದೇ ಗತಿ,” ಅಂದ ಅವನು. ಅವರೂ ನಕ್ಕರು.

ಒಂದು ಗಂಟೆಗೆ ಐದು ನಿಮಿಷ ಇರುವಾಗ ಇಬ್ಬರ ಸಹಿಯೂ ಬಿತ್ತು. ಮೇಡಂ ಪುಸ್ತಕ ಮುಚ್ಚಿ ಊಟದ ಡಬ್ಬಿ ತೆಗೆದರು.

ಮೆಟ್ಟಿಲು ಇಳಿಯುವಾಗ ಅವಳು ಅವನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ರಸ್ತೆ, ಅಂಗಡಿಗಳು, ಜನ, ಎಲ್ಲವೂ ಅವಳಿಗೆ ಕಲೆಸಿಹೋದ ಬಣ್ಣ.

“ಭಾವನ ಕಾರಿದೆ, ಹೋಗೋಣ್ವಾ?”

“ಬೇಡ. ನಡ್ಕೊಂಡು ಹೋಗೋಣ.”

“ಮೊದಲು ಅಂಗಡಿಗೆ ಹೋಗಿ ಬೇರೆ ಕನ್ನಡಕ ಮಾಡಿ ಕೊಡ್ತೀನಿ.”

“ಬೇಡ. ಸಂಜೆ ಮಾಡಿ.”

“ಕಾಫಿ?”

“ಬೇಡ ಅಂದ್ನಲ್ಲ. ಸುಮ್ನೆ ನಡೀರಿ.”

ಒಂದೊಂದು ಬೇಡಕ್ಕೂ ಅವನ ಮುಖ ಅರಳುತ್ತಾ ಹೋಯಿತು. ಹಿಂದೆ ಬರುತ್ತಿದ್ದ ಭಾವನಿಗೆ, ಹೆಂಡತಿಯ ಕೈಲಿ ಬೈಸಿಕೊಂಡು ಇವನೇಕೆ ಹೀಗೆ ಹಲ್ಲು ಕಿರಿಯುತ್ತಿದ್ದಾನೋ ಅರ್ಥವಾಗಲಿಲ್ಲ.

ತಿರುವಿನ ಹತ್ತಿರ ಅವನು ನಿಂತ.

“ಸಂತೋಷವಾಗಿದ್ದೀಯಾ?”

“ಹೂಂ,” ಅಂದಳು ಅವಳು.

ಅವನು ಮತ್ತೆ ಕೇಳಲಿಲ್ಲ.